ತಂತಿಯಿಲ್ಲದ ಕೆಂಪು ಡಬ್ಬಿ

ಅತಿ ಜಾಗರೂಕ ಮನುಷ್ಯನ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟ ಎಂಬುದನ್ನು ತಿಳಿಯಬೇಕಾದರೆ ನನ್ನ ಹೆಂಡತಿ ಮಹಾನಂದಾಳನ್ನು ಕೇಳಬೇಕು. ಮದುವೆಯ ಮನೆಗೆ ಹೋದರೆ ನಾನು ಮೊದಲು ನೋಡುವುದು ವಧೂವರರನ್ನಲ್ಲ. ಅಡುಗೆಯ ಒಲೆ ಚಪ್ಪರಕ್ಕೆ ಎಷ್ಟು ಹತ್ತಿರ ಇದೆ ಎಂಬುದನ್ನು. ಚಿಟಗುಪ್ಪದಲ್ಲಿ ಅವಳ ಚಿಕ್ಕಪ್ಪನ ಮಗಳ ಮದುವೆ ನಡೆದಾಗ ಕಿಡಿ ಹಾರುತ್ತಿದೆಯೆಂದು ಅಡುಗೆಯವರಿಗೆ ದುಂಬಾಲು ಬಿದ್ದು ಒಲೆಯನ್ನೇ ಆಚೆ ಸರಿಸುವಂತೆ ಮಾಡಿದೆ. ಅವರು ಗೊಣಗುತ್ತ ಸರಿಸಿದರು. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಹೊಗೆಯೆಲ್ಲ ಅಕ್ಷತೆ ಹಿಡಿದು ನಿಂತವರ ಮೇಲೆ ಬಂದು, ಹುಡುಗಿಯನ್ನು ಕಳಿಸಿಕೊಡುವ ಹೊತ್ತು ಬರುವ ಮೊದಲೇ ಎರಡೂ ಕಡೆಯ ಬೀಗರು ಗಳಗಳ ಕಣ್ಣೀರು ಸುರಿಸಿದರು. ಬಸ್ಸಿನಲ್ಲಿ ವಾಪಸು ಬರುವಾಗ ಮಹಾನಂದಾ ಒಂದೇ ಮಾತು ಹೇಳಿದಳು: “ನಿಮ್ಮ ಹುಷಾರಿ ಎಲ್ಲಾ ಫ್ಯಾಕ್ಟರಿಯಾಗೇ ಇಟ್ಟು ಬರ್ರಿ. ಅಲ್ಲಿ ಅದಕ್ಕ ಪಗಾರ ಕೊಡ್ತಾರ.”

ಅದು ನಿಜ. ಹುಮನಾಬಾದಿನ ಹೊರಗೆ, ಔಷಧಿಗೆ ಬೇಕಾದ ರಾಸಾಯನಿಕಗಳನ್ನು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿ. ಅಧಿಕಾರಿ ಎಂಬುದು ಹುದ್ದೆಯ ಹೆಸರು ಮಾತ್ರ. ಅಧಿಕಾರ ಚಲಾಯಿಸಲು ಹೋದಾಗಲೆಲ್ಲ ಜನ “ಹೌದ್ರಿ ಸಾಹೇಬ್ರ” ಎಂದು ಬಹಳ ಮರ್ಯಾದೆಯಿಂದ ಹೇಳಿ, ತಮಗೆ ತಿಳಿದಂತೆ ಮಾಡುತ್ತಾರೆ. ಕಾರ್ಖಾನೆಯ ಹಿಂಭಾಗದಲ್ಲಿ ಸಾಲ್ವೆಂಟ್ ಶೆಡ್ ಇದೆ. ಅಲ್ಲಿರುವ ಡ್ರಮ್ಮುಗಳ ತುಂಬ ಪೆಟ್ರೋಲಿನಂಥ, ಕೆಲವು ಪೆಟ್ರೋಲಿಗಿಂತಲೂ ಮುಂಗೋಪದ ದ್ರವಗಳು. ಅವುಗಳ ಆವಿ ಕಣ್ಣಿಗೆ ಕಾಣುವುದಿಲ್ಲ. ಸದ್ದಿಲ್ಲದೆ ನೆಲ ಹಿಡಿದು ಹರಿಯುತ್ತದೆ. ಎಲ್ಲೋ ಒಂದು ಕಿಡಿ ಸಿಕ್ಕರೆ ಮುಗಿಯಿತು. ಆದ್ದರಿಂದ ಒಳಗೆ ಮೊಬೈಲು ಒಯ್ಯುವಂತಿಲ್ಲ, ನೈಲಾನ್ ಅಂಗಿ ತೊಡುವಂತಿಲ್ಲ, ಕಬ್ಬಿಣದ ಸುತ್ತಿಗೆಯನ್ನು ಕಬ್ಬಿಣಕ್ಕೆ ಬಡಿಯುವಂತಿಲ್ಲ. ನನ್ನಂಥ ಅಂಜುಬುರುಕನಿಗೆ ಇದಕ್ಕಿಂತ ಒಪ್ಪುವ ಜಾಗ ಇನ್ನೊಂದಿಲ್ಲ. ಇಲ್ಲಿ ಅಂಜಿಕೆಗೇ ನಿಯಮ ಎಂದು ಹೆಸರು.

ಈ ಶೆಡ್ಡಿನ ಗೋಡೆಗಳಲ್ಲಿ ಮೊದಲು ತಂತಿ ಎಳೆದ ಬೆಂಕಿಯ ಅಲಾರಂ ಇತ್ತು. ಬೆಂಕಿ ಕಂಡವರು ಗುಂಡಿ ಒತ್ತಿದರೆ ಗೇಟಿನ ಹತ್ತಿರ ಸೈರನ್ ಕೂಗಬೇಕು. ಆದರೆ ಆಸಿಡ್ಡಿನ ಹಬೆಗೆ ತಂತಿಯ ಕೊಳವೆಗಳು ತುಕ್ಕು ಹಿಡಿದು, ಒತ್ತಿದಾಗ ಸುಮ್ಮನಿದ್ದು ಮಳೆ ಬಂದಾಗ ತಾನಾಗಿ ಕೂಗುತ್ತಿತ್ತು. ಹೊಸ ತಂತಿ ಎಳೆಯಬೇಕೆಂದರೆ ಗೋಡೆ ಕೊರೆಯಬೇಕು, ಅದಕ್ಕೆ ಶೆಡ್ಡನ್ನೇ ಖಾಲಿ ಮಾಡಬೇಕು. ಅದಕ್ಕೇ ತಂತಿಯೇ ಬೇಡದ ಡಬ್ಬಿಗಳು ಬಂದವು. ಅಂಗೈಯಷ್ಟಗಲದ ಕೆಂಪು ಡಬ್ಬಿ, ಒಳಗೆ ಬ್ಯಾಟರಿ, ನಡುವೆ ಹೆಬ್ಬೆರಳಿನಿಂದ ಒತ್ತುವ ಬಿಳಿ ಪಟ್ಟಿ. ಒತ್ತಿದರೆ ರೇಡಿಯೋದಂತೆ ಗಾಳಿಯಲ್ಲೇ ಗೇಟಿಗೆ ಸುದ್ದಿ ಹೋಗುತ್ತದೆ. ಸ್ವತಃ ಕಿಡಿ ಹುಟ್ಟಿಸದಂತೆ, ಇಂಥ ಜಾಗಗಳಿಗೆಂದೇ ಮಾಡಿದ್ದು. ಅವುಗಳನ್ನು ಕಂಬಗಳಿಗೆ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಗೆ ಹೋಗಿ ಬಹಳ ಹೆಮ್ಮೆಯಿಂದ ಹೇಳಿದೆ. ಮಹಾನಂದಾ ಸಂಶಯದಿಂದ ಕೇಳಿದಳು: “ತಂತಿ ಇಲ್ದ ಅವಾಜ್ ಹ್ಯಾಂಗ ಹೋಗ್ತದ್ರಿ?” ನಾನು ವಿವರಿಸಿದೆ. ವಿವರಿಸಿ ಮುಗಿಸುವ ಹೊತ್ತಿಗೆ ನನಗೇ ಸಂಶಯ ಬಂದಿತ್ತು.

ಡಬ್ಬಿ ಕೂಡಿಸುವುದು ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದಷ್ಟು ಸುಲಭವಲ್ಲ. ಮೊದಲು ಮೀಟರ್ ಹಿಡಿದು ಆವಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಕೊರೆಯದೆ, ಇದ್ದ ಕಂಬಕ್ಕೇ ಪಟ್ಟಿ ಕಟ್ಟಿ, ಕಿಡಿ ಹಾರದ ಹಿತ್ತಾಳೆಯ ಸ್ಪ್ಯಾನರಿನಿಂದ ಬಿಗಿಯಬೇಕು. ಬಿಗಿಯುವ ಮೊದಲು ಆ ಜಾಗದಿಂದ ಗೇಟಿಗೆ ಸುದ್ದಿ ತಲುಪುತ್ತದೆಯೇ ನೋಡಬೇಕು. ಯಾಕೆಂದರೆ ಕಬ್ಬಿಣದ ಡ್ರಮ್ಮುಗಳ ಸಾಲು ಅಡ್ಡ ಬಂದರೆ ರೇಡಿಯೋ ಅಲ್ಲೇ ಸೋತು ಕೂರುತ್ತದೆ. ಗೇಟಿನ ಕೋಣೆಯಲ್ಲಿ ಸುದ್ದಿ ತೋರಿಸುವ ಫಲಕದ ಮುಂದೆ ಕೂತವರು ನಮ್ಮ ಹಳೆಯ ಕಾವಲುಗಾರ ರಶೀದ್ ಮಾಮು. ಶೆಡ್ಡಿನಲ್ಲಿ ನಾನು. ಮೊಬೈಲು ಒಯ್ಯುವಂತಿಲ್ಲ. ಹೀಗಾಗಿ ತಂತಿಯಿಲ್ಲದ ಯಂತ್ರ ಕೂಡಿಸಲು ಮನುಷ್ಯರದೇ ತಂತಿ ಎಳೆಯಬೇಕಾಯಿತು. ನಾನು ಒಳಗಿಂದ “ಬಂತೇನ್ರಿ?” ಎಂದು ಕೂಗುತ್ತಿದ್ದೆ. ಬಾಗಿಲಲ್ಲಿ ನಿಂತ ಕಾಶೆಮ್ಮ ಅದನ್ನು ಅಂಗಳಕ್ಕೆ ದಾಟಿಸುತ್ತಿದ್ದಳು. ದುಬಲಗುಂಡಿಯಿಂದ ಬಸ್ಸಿಗೆ ಬಂದು ಡ್ರಮ್ಮು ತೊಳೆಯುವ ಹೆಂಗಸರಲ್ಲಿ ಅವಳೇ ಹಿರಿಯಳು, ದನಿಯೂ ದೊಡ್ಡದು. ಅಂಗಳದಲ್ಲಿ ಲಾರಿ ಚಾಲಕ ಬಾಬುರಾವ್ ಅದನ್ನು ಹಿಡಿದು ಗೇಟಿಗೆ ಎಸೆಯುತ್ತಿದ್ದ. ಗೇಟಿನಿಂದ ಬಂದ ಉತ್ತರ ಅದೇ ದಾರಿಯಲ್ಲಿ ವಾಪಸು. “ಬಂತ್ರಿ!” ಎಂಬ ಕೂಗು ಕೇಳಿದ ಕೂಡಲೇ ನಾನು ಸಂತೋಷದಿಂದ ಡಬ್ಬಿ ಬಿಗಿದುಬಿಟ್ಟೆ. ಹೊರಗೆ ಬಂದು ನೋಡಿದರೆ ಬಂದದ್ದು ಕ್ಯಾಂಟೀನಿನ ಚಹಾ. ಎಲ್ಲರೂ ಕುಡಿಯುತ್ತಿದ್ದರು. ನನ್ನ ಪಾಲಿನದು ತಣ್ಣಗಾಗಿತ್ತು.

ಅಂತೂ ಎಲ್ಲ ಡಬ್ಬಿಗಳನ್ನೂ ಕೂಡಿಸಿದೆ. ಇನ್ನು ಜನರಿಗೆ ಕಲಿಸಬೇಕು. ಎಲ್ಲರನ್ನೂ ಶೆಡ್ಡಿನ ಮುಂದೆ ಸೇರಿಸಿ ಭಾಷಣ ಮಾಡಿದೆ. ಬೆಂಕಿ ಕಂಡರೆ, ಕೆಟ್ಟ ವಾಸನೆ ಬಂದರೆ, ಯಾರನ್ನೂ ಕೇಳದೆ ಒತ್ತಿ. ಸೈರನ್ ಕೇಳಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಗೇಟಿನಾಚೆಯ ಹುಣಸೆ ಮರದ ಕೆಳಗೆ ಬಂದು ನಿಲ್ಲಿ ಎಂದೆ. “ಆದರೆ ಸುಮ್ಮಸುಮ್ಮನೆ ಒತ್ತಬಾರದು” ಎಂದು ಹೇಳುತ್ತ, ಹೇಗೆ ಒತ್ತಬಾರದು ಎಂಬುದನ್ನು ತೋರಿಸಲು ಹೆಬ್ಬೆರಳನ್ನು ಡಬ್ಬಿಯ ಹತ್ತಿರ ಒಯ್ದೆ. ಸ್ವಲ್ಪ ಹೆಚ್ಚೇ ಹತ್ತಿರ ಹೋಯಿತು. ಸೈರನ್ ಕೂಗಿತು. ಹೇಳಿಕೊಟ್ಟ ಪಾಠವನ್ನು ಜನ ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಎಲ್ಲರೂ ಹುಣಸೆ ಮರದತ್ತ ಓಡಿದರು, ನಾನು ಹಿಂದಿನಿಂದ “ಸುಳ್ಳ ಅದರಿ, ಸುಳ್ಳ ಅದರಿ” ಎಂದು ಕೂಗುತ್ತ ಓಡಿದೆ.

ಎರಡನೆಯ ಸುಳ್ಳು ಅಲಾರಂ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಒಂದು ಡಬ್ಬಿಯ ಬ್ಯಾಟರಿ ಬದಲಿಸಬೇಕಿತ್ತು. ಶೆಡ್ಡಿನೊಳಗೆ ಅದನ್ನು ಬಿಚ್ಚುವಂತಿಲ್ಲ. ಆದ್ದರಿಂದ ಕಂಬದಿಂದ ತೆಗೆದು ನನ್ನ ಕೋಣೆಗೆ ತಂದು, ಹೊಸ ಬ್ಯಾಟರಿ ಹಾಕಿ, ವಾಪಸು ಒಯ್ಯಲು ಹೆಗಲ ಚೀಲದಲ್ಲಿ ಇಟ್ಟುಕೊಂಡೆ. ಅದೇ ಚೀಲದಲ್ಲಿ ಮಹಾನಂದಾ ಕಟ್ಟಿಕೊಟ್ಟ ಬುತ್ತಿಯ ಸ್ಟೀಲ್ ಡಬ್ಬಿಯೂ ಇತ್ತು. ಅಂಗಳ ದಾಟುವಾಗ ಸೈರನ್ ಹೊಡೆದುಕೊಂಡಿತು. ಫಲಕದಲ್ಲಿ ‘ಸಾಲ್ವೆಂಟ್ ಶೆಡ್’ ಎಂದು ಬಂದಿದೆಯೆಂದು ರಶೀದ್ ಮಾಮು ಕೂಗಿ ಹೇಳಿದರು. ಜನರನ್ನೆಲ್ಲ ಹೊರಗೆ ಅಟ್ಟಿ ಶೆಡ್ಡಿನತ್ತ ಓಡಿದೆ. ಹೊಗೆ ಇಲ್ಲ, ವಾಸನೆ ಇಲ್ಲ. ಆದರೆ ಕಂಬದ ಮೇಲೆ ಡಬ್ಬಿಯೇ ಇಲ್ಲ! ಗಾಬರಿಯಲ್ಲಿ, ಅದನ್ನು ಬಿಚ್ಚಿದವನು ನಾನೇ ಎಂಬುದು ಮರೆತುಹೋಗಿ, “ಡಬ್ಬಿ ಯಾರೋ ಕದ್ದಾರ್ರಿ!” ಎಂದು ಅರಚುತ್ತ ಮರದ ಕೆಳಗೆ ಬಂದೆ. ರಶೀದ್ ಮಾಮು ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಧಾನಕ್ಕೆ ಹೇಳಿದರು: “ಸಾಹೇಬ್ರ, ಜರಾ ನಿಮ್ಮ ಥೈಲಿ ನೋಡ್ಕೋರಿ. ಒಳಗ ಕೆಂಪ್ ದೀಪ ಮಿಣಕಾಕತ್ತದ.” ಮಾಮು ನಗಲಿಲ್ಲ. ಅವರೊಬ್ಬರೇ ನಗಲಿಲ್ಲ.

ಮೂರನೆಯ ಸಲ ಮ್ಯಾನೇಜರರ ಮುಂದೆಯೇ ಆಯಿತು. “ಇನ್ ಮ್ಯಾಲ ಹೀಂಗ ಆಗಂಗಿಲ್ರಿ ಸರ್” ಎಂದು ಭರವಸೆ ಕೊಟ್ಟು, ಮಾತು ಮುಗಿದ ಸಮಾಧಾನದಲ್ಲಿ ಹಿಂದಿನ ಕಂಬಕ್ಕೆ ಒರಗಿದೆ. ಒರಗಿದ್ದು ಡಬ್ಬಿಗೆ. ಸೈರನ್ ನಿಂತ ಮೇಲೆ ಮ್ಯಾನೇಜರರು, “ಎಲ್ಲಾ ಡಬ್ಬಿಗೂ ಮುಚ್ಚಳ ತರಸ್ರಿ. ಅವು ಬರೂತನಕ ನೀವು ಶೆಡ್ಡಿನ ಕಡಿ ಕೈ ಕಟ್ಕೊಂಡು ಅಡ್ಡಾಡ್ರಿ” ಎಂದರು.

ಆಮೇಲೆ ನನ್ನ ನಿದ್ದೆ ಹೋಯಿತು. ಜನ ನಗುವುದಕ್ಕೆ ನಾನು ಹೆದರುವವನಲ್ಲ, ಅದರ ಅಭ್ಯಾಸವಿದೆ. ನನ್ನ ಚಿಂತೆ ಬೇರೆಯೇ ಇತ್ತು. ನಾಳೆ ನಿಜವಾಗಿ ಏನಾದರೂ ಆದರೆ? ಸೈರನ್ ಕೂಗಿದಾಗ ‘ಮತ್ತೆ ನಮ್ಮ ಸಾಹೇಬ್ರದೇ ಕರಾಮತಿ’ ಎಂದು ಜನ ಕೂತಲ್ಲೇ ಕೂತರೆ? ಸುಳ್ಳು ಅಲಾರಂ ಅಭ್ಯಾಸವಾದ ಕಡೆ ಜೀವಗಳು ಹೋಗುತ್ತವೆ ಎಂದು ಭಾಷಣದಲ್ಲಿ ಹೇಳಿದ್ದವನು ನಾನೇ. ಊಟದ ಹೊತ್ತಿಗೆ ಒಬ್ಬೊಬ್ಬರ ಬಳಿಯೂ ಹೋಗಿ, “ಸೈರನ್ ಕೇಳಿದ್ರ ಖರೇನೇ ಅಂತ ತಿಳಕೊಂಡು ಬರ್ರಿ, ದಯಮಾಡಿ” ಎಂದು ಬೇಡಿಕೊಂಡೆ. “ಬರ್ತೇವಲ್ರಿ ಸಾಹೇಬ್ರ” ಎಂದರು, ತುಟಿಯಂಚಿನಲ್ಲಿ ನಗುತ್ತ.

ಮುಚ್ಚಳಗಳು ಬಂದು, ಎಲ್ಲ ಡಬ್ಬಿಗೂ ಕೂಡಿಸಿ ಕೆಲವು ದಿನಗಳಾಗಿದ್ದವು. ಮಧ್ಯಾಹ್ನ ನನ್ನ ಕೋಣೆಯಲ್ಲಿ ಮಂಡಕ್ಕಿಯ ಸುಸಲಾ ತಿನ್ನುತ್ತ ಕೂತಿದ್ದಾಗ ಸೈರನ್ ಕೂಗಿತು. ಒಬ್ಬ ಸುರಕ್ಷತಾ ಅಧಿಕಾರಿ ಆಗ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ನಾನು ಮಾಡಿದ್ದು ಇಷ್ಟು: ಮೊದಲು ನನ್ನ ಹೆಬ್ಬೆರಳು ನೋಡಿಕೊಂಡೆ. ಆಮೇಲೆ ಚೀಲವನ್ನು ಮೇಜಿನ ಮೇಲೆ ಸುರುವಿದೆ. ಬುತ್ತಿ, ಕೊಡೆ, ಕನ್ನಡಕದ ಡಬ್ಬಿ. ಬೆನ್ನ ಹಿಂದಿನ ಗೋಡೆ ತಡವಿದೆ. ಕುರ್ಚಿಯ ಕೆಳಗೆ ಬಗ್ಗಿದೆ. ನಾನು ಏನನ್ನೂ ಒತ್ತಿಲ್ಲ ಎಂದು ಪೂರ್ತಿ ಖಾತ್ರಿಯಾದ ಮೇಲೆ ಹೊಳೆಯಿತು: ಹಾಗಾದರೆ ಬೇರೆ ಯಾರೋ ಒತ್ತಿದ್ದಾರೆ.

ಬಿದ್ದು ಎದ್ದು ಹೊರಗೆ ಓಡಿದರೆ ಎಲ್ಲ ಖಾಲಿ. ಶೆಡ್ಡು ಖಾಲಿ, ಕ್ಯಾಂಟೀನು ಖಾಲಿ, ಅಂಗಳದಲ್ಲಿ ಬಾಬುರಾವ್‌ನ ಲಾರಿಯ ಬಾಗಿಲು ತೆರೆದೇ ಇತ್ತು. ಇಡೀ ಕಾರ್ಖಾನೆ ಆಗಲೇ ಹುಣಸೆ ಮರದ ಕೆಳಗೆ, ಜಾತ್ರೆಗೆ ಬಂದವರ ಗೆಲುವಿನಲ್ಲಿ ನಿಂತಿತ್ತು. ರಶೀದ್ ಮಾಮು ತಲೆ ಎಣಿಸುತ್ತಿದ್ದರು. “ಒಬ್ರು ಕಮ್ಮಿ ಬೀಳಾಕತ್ಯಾರ” ಎಂದರು. “ಯಾರ್ರಿ? ಯಾರ ಒಳಗ ಉಳಿದ್ರು?” ಎಂದು ನಾನು ಚೀರಿ ವಾಪಸು ಓಡಲು ತಿರುಗಿದೆ. ಮಾಮು ನನ್ನ ತೋಳು ಹಿಡಿದು ನಿಲ್ಲಿಸಿದರು: “ನೀವೇ ಇದ್ರಿ ಸಾಹೇಬ್ರ. ಈಗ ಬಂದ್ರಲ್ಲ, ಬರೋಬರಿ ಆತು.”

“ಈ ಸಲ ಎಲ್ಲಿ ಒರಗಿದ್ರಿ ಸಾಹೇಬ್ರ?” ಎಂದು ಬಾಬುರಾವ್ ಕೇಳಿದ. ಎಲ್ಲರೂ ಹೋ ಎಂದು ನಕ್ಕರು. “ನಾ ಅಲ್ಲೋ ಮಾರಾಯ!” ಎಂದೆ. ಯಾರೂ ನಂಬಲಿಲ್ಲ. ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಗಾಳಿ ಬೀಸಿತು. ಮೂಗಿಗೆ ಸಾಲ್ವೆಂಟಿನ ಘಾಟು ಬಂದು ಬಡಿಯಿತು. ನಗು ಒಂದೊಂದೇ ಬಾಯಲ್ಲಿ ಆರಿತು. ಹಿಂದೆ ನಿಂತಿದ್ದ ಕಾಶೆಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು: “ನಾ ಒತ್ತೀನ್ರಿ. ಟ್ಯಾಂಕರಿನ ಪೈಪ್ ಕಳಚಿ ನೆಲಾ ತುಂಬ ಹರ್ಯಾಕತ್ತಿತ್ತು.”

ಸಾಲ್ವೆಂಟ್ ಇಳಿಸಲು ಬಂದಿದ್ದ ಟ್ಯಾಂಕರಿನವನು ಓಡಿ ಬರುವ ಮೊದಲು ತನ್ನ ವಾಲ್ವ್ ಮುಚ್ಚಿ ಬಂದಿದ್ದ. ಆದರೆ ಅಷ್ಟರಲ್ಲಿ ಸುರಿದದ್ದು ಚರಂಡಿ ಹಿಡಿದು ಅಂಗಳಕ್ಕೆ, ಬಾಬುರಾವ್‌ನ ಲಾರಿ ನಿಂತಲ್ಲಿಗೇ ಹರಿದಿತ್ತು. ನಾನು ಹೊರಗಿನಿಂದಲೇ ಆ ಕಡೆಯ ಕರೆಂಟು ತೆಗೆಸಿದೆ. ನಮ್ಮ ಅಗ್ನಿಶಾಮಕ ತಂಡದವರಿಂದ ನೊರೆ ಹೊಡೆಸಿ, ಮೀಟರಿನ ಮುಳ್ಳು ಕೆಳಗಿಳಿಯುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಬೆಂಕಿ ಹತ್ತಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಬಾಬುರಾವ್ ಮಾತ್ರ ಮರದ ಬುಡದಲ್ಲಿ ಕುಸಿದು ಕೂತು, ತನ್ನ ಬಲಗೈಯನ್ನೇ ನೋಡುತ್ತಿದ್ದ. “ಚಾವಿಗಿ ಕೈ ಹಚ್ಚಿದ್ದೆ ಸಾಹೇಬ್ರ, ಗಾಡಿ ಚಾಲೂ ಮಾಡಾಕ. ಸೈರನ್ ಆತು. ನೀವು ಮತ್ತೇನ್ ಮಾಡಿರಿ ನೋಡೂಣು ಅಂತ ಬಿಟ್ಟು ಇಳದೆ” ಎಂದ. ಸುತ್ತ ನಿಂತವರು ಒಬ್ಬೊಬ್ಬರೇ ಬಾಯಿಬಿಟ್ಟರು. ಅಷ್ಟು ಬೇಗ ಎಲ್ಲರೂ ಹೊರಗೆ ಬಂದದ್ದು ಅಂಜಿ ಅಲ್ಲ. ನನ್ನ ಹೊಸ ಫಜೀತಿ ನೋಡಲು ಮುಂದಿನ ಜಾಗ ಸಿಗಲಿ ಎಂದು.

ನಾನು ಕಾಶೆಮ್ಮನ ಹತ್ತಿರ ಹೋಗಿ “ಛಲೋ ಮಾಡಿದಿ ಯವ್ವಾ” ಎಂದೆ. “ಅಂಜಿಕಿ ಬಂದಿತ್ರಿ. ಸುಳ್ಳ ಆದ್ರ ಎಲ್ಲಾರೂ ನಗತಾರಂತ. ಮತ್ತ ಅಂದೆ, ನಮ್ಮ ಸಾಹೇಬ್ರು ಇಷ್ಟ ಸಲ ಒತ್ಯಾರ, ಅವ್ರ ನೌಕ್ರಿನೇ ಹೋಗಿಲ್ಲ, ನನ್ನದೇನ್ ಹೋಗ್ತದ ಅಂತ ಒತ್ತೇಬಿಟ್ಟೆ” ಎಂದಳು. ನನ್ನ ಇಡೀ ಭಾಷಣದಲ್ಲಿ ಇಷ್ಟು ಧೈರ್ಯ ಕೊಡುವ ಮಾತು ಒಂದೂ ಇರಲಿಲ್ಲ. ಸಾಲ್ವೆಂಟಿನ ಘಾಟು ಎಂದು ಹೇಳಿ ಕಣ್ಣೊರೆಸಿಕೊಂಡೆ.

ಮರುದಿನ ಮ್ಯಾನೇಜರರು ಎಲ್ಲರ ಎದುರಿಗೆ ನನ್ನ ಕೈ ಕುಲುಕಿದರು. “ಇಷ್ಟ ಜಲ್ದಿ ಮಂದಿ ಹೊರಗ ಬಂದದ್ದು ನಾ ಎಲ್ಲೂ ನೋಡಿಲ್ರಿ. ಹ್ಯಾಂಗ ತಯಾರ್ ಮಾಡಿದ್ರಿ?” ಎಂದು ಕೇಳಿದರು. ರಶೀದ್ ಮಾಮು ಹೇಳಲು ಬಾಯಿ ತೆರೆದರು. ನನ್ನ ಮುಖ ನೋಡಿ ಮುಚ್ಚಿದರು. “ಅಭ್ಯಾಸ ಮಾಡಿಸೀನಿ ಸರ್” ಎಂದೆ. ಅದು ಸುಳ್ಳೇನೂ ಅಲ್ಲವಲ್ಲ. ಬಹುಮಾನವಾಗಿ, ಬಸವಕಲ್ಯಾಣದ ರಸ್ತೆಯಲ್ಲಿ ನಮ್ಮವರು ಕಟ್ಟಿಸಿದ ಹೊಸ ಗೋದಾಮಿನಲ್ಲೂ ಈ ಡಬ್ಬಿಗಳನ್ನು ಕೂಡಿಸಿ, ಅಲ್ಲಿಯವರಿಗೂ ಇದೇ ತರಬೇತಿ ಕೊಡುವ ಕೆಲಸ ಸಿಕ್ಕಿತು.

ಸಂಜೆ ಮನೆಯಲ್ಲಿ ಚಿಂತೆ ಮಾಡುತ್ತ ಕೂತೆ. “ಅಲ್ಲಿ ನನ್ನ ಗುರ್ತ ಒಬ್ರಿಗೂ ಇಲ್ಲ. ಸೈರನ್ ಆದ್ರ ಯಾರ ಓಡಿ ಬರ್ತಾರ?” ಎಂದೆ. ಮಹಾನಂದಾ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು: “ಗುರ್ತ ಆಗಾಕ ಎಷ್ಟ ಹೊತ್ತರಿ? ನೀವು ಹೋಗಿ ನಿಂದರ್ರಿ. ಸಂಜಿ ಅನ್ನೂದ್ರಾಗ ಎಲ್ಲಾರೂ ಗುರ್ತ ಹಿಡೀತಾರ.”

ಅವಳ ಅಂದಾಜು ತಪ್ಪಿತು. ಮಧ್ಯಾಹ್ನದ ಊಟಕ್ಕೆ ಮೊದಲೇ ಗುರುತು ಹಿಡಿದರು.