ಊಟಕ್ಕೆ ಬಂದ ಮೊದಲ ಆಯ್ಕೆ

ಒಳ್ಳೆಯ ಸುದ್ದಿ ಎಂದರೆ ನನಗೆ ಭಯ. ಕೆಟ್ಟ ಸುದ್ದಿಗೆ ಅಷ್ಟಾಗಿ ಹೆದರುವವನಲ್ಲ. ಅದು ಬಂದಾಗ ಯಾರಿಗೋ ಫೋನ್ ಮಾಡಬೇಕು, ಎಲ್ಲಿಗೋ ಓಡಬೇಕು, ಕೈಗೆ ಕೆಲಸವಿರುತ್ತದೆ. ಒಳ್ಳೆಯ ಸುದ್ದಿ ಬಂದರೆ ಮಾಡಲು ಏನೂ ಇರುವುದಿಲ್ಲ. ಸಿಹಿ ತಿಂದು, ಮುಂದೇನು ಕಾದಿದೆಯೋ ಎಂದು ಎದೆ ಹಿಡಿದುಕೊಂಡು ಕೂರಬೇಕು. ಜನ ನನ್ನ ಕೈ ಕುಲುಕಿ ಅಭಿನಂದಿಸಿದಾಗಲೆಲ್ಲ ನನ್ನ ಅಂಗೈ ಬೆವರಿರುತ್ತದೆ. ಅದು ವಿನಯ ಎಂದು ಅವರು ತಿಳಿಯುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ.

ಇದರಲ್ಲಿ ನನ್ನ ಉದ್ಯೋಗದ ಪಾಲೂ ಇದೆ. ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ಲಾರಿಗಳ ಬಿಡಿಭಾಗ ಮುರಿಯುವುದು ನನ್ನ ಕೆಲಸ. ತಮಾಷೆಯಲ್ಲ, ಅದಕ್ಕೇ ಸಂಬಳ. ಲಾರಿಯ ಬಾಗಿಲಿನ ಕೀಲನ್ನು ಯಂತ್ರಕ್ಕೆ ಕಟ್ಟಿ, ಅದು ಮುರಿಯುವವರೆಗೂ ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡುತ್ತೇವೆ. ಹದಿನಾರು ವರ್ಷ ಇದನ್ನೇ ಮಾಡಿದವನಿಗೆ ಯಾವ ಹೊಸ ವಸ್ತು ಕಂಡರೂ ಇದು ಎಲ್ಲಿ ಬಿರುಕು ಬಿಡುತ್ತದೆ ಎಂಬ ಯೋಚನೆಯೇ ಮೊದಲು ಬರುತ್ತದೆ. ನನ್ನ ಮಗ ಸುಹಾಸನನ್ನು ನೋಡುವಾಗಲೂ ನನ್ನ ಕಣ್ಣು ನೇರ ಅವನ ಮೊಣಕಾಲಿಗೆ ಹೋಗುತ್ತದೆ.

ಸುಹಾಸ ಐಸ್ ಹಾಕಿ ಆಡುತ್ತಾನೆ. ಐದನೇ ವಯಸ್ಸಿನಲ್ಲಿ ನಾನೇ ಕರೆದುಕೊಂಡು ಹೋಗಿ ಸೇರಿಸಿದ್ದೆ. ಚಳಿಗಾಲದಲ್ಲಿ ಮಗು ಮನೆಯಲ್ಲೇ ಕೂತು ಮಂಕಾಗುತ್ತದೆ, ನಾಲ್ಕು ಮಕ್ಕಳ ಜೊತೆ ಜಾರಾಡಿಕೊಂಡಿರಲಿ ಎಂಬಷ್ಟೇ ಆಸೆ. ಅವನು ಜಾರದೆ ನಿಂತ, ನಾನು ಜಾರಿ ಬಿದ್ದೆ. ಆ ದಿನದಿಂದ ಹನ್ನೆರಡು ವರ್ಷ ಅವನ ಒಂದು ಪಂದ್ಯವನ್ನೂ ನಾನು ಪೂರ್ತಿ ನೋಡಲಿಲ್ಲ. ಇಲ್ಲಿನ ಕ್ಲಬ್ಬುಗಳಲ್ಲಿ ತಂದೆತಾಯಿ ಸರದಿಯ ಪ್ರಕಾರ ಐಸ್ ಅಂಗಳದ, ಅಂದರೆ ರಿಂಕಿನ, ಕಿಯೋಸ್ಕಿನಲ್ಲಿ ನಿಂತು ಕಾಫಿ, ಬನ್ನು, ಸಾಸೇಜು ಮಾರಬೇಕು. ನಮ್ಮ ಕಿಯೋಸ್ಕಿನ ಬೆನ್ನು ಆಟದ ಕಡೆಗಿದೆ. ಹಾಗಾಗಿ ಬೇರೆಯವರ ಸರದಿಯನ್ನೂ ನಾನೇ ಕೇಳಿ ಪಡೆಯುತ್ತೇನೆ. ಹಿಂದಿನಿಂದ ಯಾರೋ ಗೋಡೆಗೆ ಅಪ್ಪಳಿಸಿದ ಸದ್ದು ಕೇಳಿದಾಗ ನಾನು ಸಾಸಿವೆ ಬಾಟಲಿಯ ಮುಚ್ಚಳ ತಿರುಗಿಸುತ್ತಿರುತ್ತೇನೆ. ಇಷ್ಟು ನಿಷ್ಠೆಯ ಪೋಷಕ ಇನ್ನೊಬ್ಬನಿಲ್ಲ ಎಂದು ಕ್ಲಬ್ಬಿನವರು ಒಂದು ವರ್ಷ ನನಗೆ ಹೂಗುಚ್ಛ ಕೊಟ್ಟರು.

ಕ್ಲಬ್ಬಿಗಾಗಿ ಟಾಯ್ಲೆಟ್ ಪೇಪರ್ ಕೂಡ ಮಾರಿದ್ದೇನೆ. ಇದೂ ಇಲ್ಲಿನ ಪದ್ಧತಿಯೇ. ಆಟಕ್ಕೆ ಸೇರಿದ ಪ್ರತಿ ಮಗುವಿನ ಮನೆಗೆ ಮೂಟೆಗಟ್ಟಲೆ ಟಾಯ್ಲೆಟ್ ಪೇಪರ್ ಬರುತ್ತದೆ, ಅದನ್ನು ಬಂಧುಬಳಗಕ್ಕೆ ದಾಟಿಸಬೇಕು. ನನ್ನ ಬಳಗವೆಂದರೆ ಕನ್ನಡ ಕೂಟ. ಅಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಚೊಂಬೋ ಕೈ ಷವರೋ ಇದೆ. ಆದರೂ ಮುಖದಾಕ್ಷಿಣ್ಯಕ್ಕೆ ಎಲ್ಲರೂ ಕೊಂಡರು. ಒಬ್ಬರ ಮನೆಯಲ್ಲಿ ದಸರಾ ಗೊಂಬೆಯ ಮೆಟ್ಟಿಲಿಗೆ ಹೊದಿಸಿದ ಮೈಸೂರು ಸಿಲ್ಕ್ ಸೀರೆಯನ್ನು ಅಕಸ್ಮಾತ್ ಎತ್ತಿ ನೋಡಿದೆ. ಒಳಗೆ ನನ್ನ ಮೂಟೆಗಳೇ ಇದ್ದವು. ಪಟ್ಟದ ಗೊಂಬೆಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಉಸಲಿ ತಿಂದು ಬಂದೆ.

ಹೀಗೆ ಭಯವನ್ನು ಬನ್ನು, ಕಾಗದಗಳ ಕೆಳಗೆ ಮುಚ್ಚಿಟ್ಟು ದಿನ ತಳ್ಳುತ್ತಿದ್ದಾಗ ಕಳೆದ ಬೇಸಿಗೆಯಲ್ಲಿ ಆ ಒಳ್ಳೆಯ ಸುದ್ದಿ ಬಂತು. ಕೆನಡಾದಲ್ಲಿ ಹದಿಹರೆಯದವರ ದೊಡ್ಡ ಹಾಕಿ ಲೀಗು ಇದೆ. ವರ್ಷಕ್ಕೊಮ್ಮೆ ಅಲ್ಲಿನ ತಂಡಗಳು ಸರದಿಯಂತೆ ಹೊರದೇಶದ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಹದಿನೇಳರ ನಮ್ಮ ಸುಹಾಸನ ಹೆಸರು ಮೊದಲ ಸುತ್ತಿನಲ್ಲೇ ಬಂತು. ದಾವಣಗೆರೆಯಲ್ಲಿ ತಮ್ಮನ ಮನೆಯಲ್ಲಿರುವ ನನ್ನ ಅಮ್ಮ ವಿಡಿಯೋ ಕಾಲಿನಲ್ಲಿ ಮೊಮ್ಮಗನ ಮುಖ ಕಂಡವಳೇ ಒಣಮೆಣಸಿನಕಾಯಿ, ಉಪ್ಪು ಹಿಡಿದು ಫೋನಿಗೇ ಮೂರು ಸುತ್ತು ನಿವಾಳಿಸಿದಳು. ನನ್ನ ಹೆಂಡತಿ ಸುಮನಾ ಪಾಯಸ ಮಾಡಿದಳು. ಮಗ ಹೋಗಬೇಕಾದರೆ ತಂದೆತಾಯಿ ಇಬ್ಬರೂ ಒಂದು ಪತ್ರಕ್ಕೆ ಸಹಿ ಹಾಕಬೇಕಿತ್ತು. ಸುಮನಾ ಪಾಯಸ ಕುದಿಯುತ್ತಿರುವಾಗಲೇ ಹಾಕಿಬಿಟ್ಟಳು. ನಾನು ಓದಿ ಹಾಕುತ್ತೇನೆ ಎಂದೆ. ಎರಡು ಪುಟದ ಪತ್ರವನ್ನು ಒಂಬತ್ತು ದಿನ ಓದಿದೆ.

ಆ ಒಂಬತ್ತು ದಿನಗಳಲ್ಲಿ ನಾನು ನಿಜವಾಗಿ ಓದಿದ್ದು ಗೋಡೆಯನ್ನು. ಕಿಯೋಸ್ಕಿನ ಎದುರಿನ ಗೋಡೆಯ ಮೇಲೆ, ಹಿಂದೆ ಹೀಗೆಯೇ ಆಯ್ಕೆಯಾದ ನಮ್ಮ ಕ್ಲಬ್ಬಿನ ಹುಡುಗರ ಫೋಟೋಗಳಿವೆ. ಹನ್ನೊಂದು ಮುಖ, ಎಲ್ಲವೂ ನಗುಮುಖ. ಪುಟ್ಟ ಮಕ್ಕಳ ಬೇಸಿಗೆ ಶಿಬಿರದ ಪೋಷಕರಿಗೆ ಕಾಫಿ ಕಾಯಿಸುತ್ತ ಆ ಹನ್ನೊಂದು ಮಂದಿ ಈಗ ಎಲ್ಲಿದ್ದಾರೆಂದು ಒಬ್ಬೊಬ್ಬರನ್ನೇ ವಿಚಾರಿಸಿದೆ. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ನಾನು ದಿನಾ ಹತ್ತುವ ಬಸ್ಸಿನ ಚಾಲಕ, ಒಬ್ಬ ಎಸ್ಕಿಲ್‌ಸ್ಟುನಾದಲ್ಲಿ ವೆಲ್ಡರ್. ದೊಡ್ಡವರ ಲೀಗನ್ನು ಮುಟ್ಟಿದವನು ಒಬ್ಬನೇ, ಅವನೂ ನಾಲ್ಕು ಪಂದ್ಯ ಆಡಿ ಹಿಂದಿರುಗಿ ಮನೆ ಮಾರುವ ದಲ್ಲಾಳಿಯಾಗಿದ್ದಾನೆ. ನಮ್ಮ ಪರೀಕ್ಷಾಲಯದಲ್ಲಿ ಹನ್ನೊಂದು ಕೀಲುಗಳಲ್ಲಿ ಹತ್ತು ಅವಧಿಗೆ ಮೊದಲೇ ಮುರಿದರೆ ಆ ಮಾದರಿಯನ್ನೇ ಕೈಬಿಡುತ್ತೇವೆ.

ಗೋಡೆಯ ಮೂರನೆಯ ಮುಖ ಯಾನ್ನೆಯದು. ಅವನನ್ನು ಹುಡುಕುವ ಕಷ್ಟವಿರಲಿಲ್ಲ, ನಮ್ಮ ರಿಂಕಿನಲ್ಲೇ ಐಸ್ ನಯಗೊಳಿಸುವ ಗಾಡಿ ಓಡಿಸುತ್ತಾನೆ. ತನ್ನ ಕಾಲದಲ್ಲಿ ಅವನು ಬರೀ ಆಯ್ಕೆಯಲ್ಲ, ತನ್ನನ್ನು ಆರಿಸಿದ ಕೆನಡಾ ತಂಡದ ಮೊಟ್ಟಮೊದಲ ಆಯ್ಕೆ. ಈಗ ವಯಸ್ಸು ಐವತ್ತರ ಆಸುಪಾಸು, ಎಡಗಾಲು ಸ್ವಲ್ಪ ಎಳೆಯುತ್ತದೆ. ಆ ಕಾಲನ್ನು ನೋಡುತ್ತಿದ್ದಂತೆ ನನ್ನ ತಲೆಗೆ ಒಂದು ಉಪಾಯ ಬಂತು. ಅದನ್ನು ಬರೆಯಲು ಇವತ್ತಿಗೂ ನಾಚಿಕೆ. ಈ ಮನುಷ್ಯನನ್ನು ಮನೆಗೆ ಊಟಕ್ಕೆ ಕರೆದು ಮಗನ ಎದುರು ಕೂರಿಸಬೇಕು, ಉಳಿದದ್ದನ್ನು ಆ ಕಾಲೇ ಹೇಳುತ್ತದೆ ಎಂಬುದು ಆ ಉಪಾಯ.

"ಶನಿವಾರ ಮನೆಗೆ ಊಟಕ್ಕೆ ಬಾ. ಮಗನೂ ಇರುತ್ತಾನೆ," ಎಂದೆ. ಯಾನ್ನೆ ಕಾಫಿಯ ಲೋಟ ಕೆಳಗಿಟ್ಟು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ, "ಊಟಕ್ಕೆ ಏನು ಮಾಡ್ತೀರಿ?" ಎಂದು ಕೇಳಿದ. ಎಷ್ಟು ನೇರ ಜನ ಇವರು ಎಂದುಕೊಂಡೆ.

ಸುಮನಾಳಿಗೆ ವಿಷಯ ತಿಳಿದಾಗ ಅವಳು ಕೈಯಲ್ಲಿದ್ದ ಹುಣಸೆಹಣ್ಣನ್ನು ಹಾಗೇ ಬಿಟ್ಟು ನಿಂತಳು. "ರೀ, ನಿಮಗೇನಾದ್ರೂ ಬುದ್ಧಿ ಇದ್ಯಾ? ಒಬ್ಬ ಮನುಷ್ಯನ್ನ ಮನೆಗೆ ಕರೆದು, ನೋಡು ಮಗನೇ, ನೀನು ಹಿಂಗಾಗ್ತೀಯ ಅಂತ ತೋರಿಸ್ತೀರಾ? ಅವರು ಊಟಕ್ಕೆ ಬರ್ತಿರೋ ಗೆಸ್ಟಾ, ಇಲ್ಲಾ ನಿಮ್ಮ ಲ್ಯಾಬಿನ ಸ್ಯಾಂಪಲ್ಲಾ?"

"ಮೆಲ್ಲಗೆ ಮಾತಾಡೇ, ಅವನು ಕೇಳಿಸ್ಕೋತಾನೆ," ಎಂದೆ. ಅವನು ಎಂದರೆ ಸುಹಾಸ, ಪಕ್ಕದ ಕೋಣೆಯಲ್ಲಿದ್ದ. "ಅವನಿಗೆ ಇದೆಲ್ಲ ಗೊತ್ತಿಲ್ಲ. ಹೋದವರೆಲ್ಲ ಏನಾದ್ರು ಅಂತ ಒಂದ್ಸಲ ತಿಳೀಲಿ. ನಂಗೆ ಭಯ ಆಗತ್ತೆ ಕಣೇ."

"ನಿಮಗೆ ಲಿಫ್ಟ್ ಹತ್ತೋಕೂ ಭಯ," ಎಂದು ಹೇಳಿ ಅವಳು ಬಿಸಿಬೇಳೆಬಾತಿನ ಪುಡಿ ಹುರಿಯಲು ಹೋದಳು.

ಶನಿವಾರ ಸಂಜೆ ಐದಕ್ಕೆ, ಜುಲೈ ಬಿಸಿಲು ಇನ್ನೂ ಕಣ್ಣು ಚುಚ್ಚುತ್ತಿರುವಾಗಲೇ, ಯಾನ್ನೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಬಾತಿಗೆ ತುಪ್ಪ ಹಾಕಿಸಿಕೊಂಡು ಎರಡು ಸಲ ಬಡಿಸಿಕೊಂಡ. ನಾನು ಮೆಲ್ಲಗೆ ಮಾತು ತೆಗೆದೆ. ಕೆನಡಾದಲ್ಲಿ ಎಷ್ಟು ದಿನ ಇದ್ದೆ? ಎರಡು ಚಳಿಗಾಲ. ಮತ್ತೆ? ಮೊಣಕಾಲು. ಆಮೇಲೆ? ವಾಪಸ್ಸು. ತುಂಬಾ ಕಷ್ಟವಾಯಿತಲ್ಲವೇ ಎಂದು, ಮಗನ ಕಡೆ ಓರೆಗಣ್ಣು ಹಾಕುತ್ತ, ಗಾಯವನ್ನು ಇನ್ನಷ್ಟು ಕೆದಕಿದೆ.

"ಅತ್ತಿದ್ದೇನೆ," ಎಂದ ಯಾನ್ನೆ, ಹಪ್ಪಳ ಮುರಿಯುತ್ತ. "ಬಸ್ಸಿನಲ್ಲಿ. ಅಲ್ಲಿ ಒಂದೊಂದು ಪಂದ್ಯಕ್ಕೆ ಹತ್ತು ಗಂಟೆ ಬಸ್ಸಿನಲ್ಲಿ ಹೋಗಬೇಕು, ಎಲ್ಲದಕ್ಕೂ ಸಮಯ ಸಿಗುತ್ತದೆ." ಆಮೇಲೆ, ಅಲ್ಲಿ ತಂಡದವರು ತನ್ನ ಊಟ-ವಸತಿಗೆ ಗೊತ್ತುಮಾಡಿದ್ದ ಮನೆಯ ಅಜ್ಜಿ ಇವತ್ತಿಗೂ ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾಳೆ, ಊಟ ಮಾಡಿದೆಯಾ ಎಂದು ಕೇಳುತ್ತಾಳೆ ಎಂದ. ಅದನ್ನು ಹೇಳುವಾಗ ಅವನ ಮುಖ ಗೋಡೆಯ ಮೇಲಿನ ಫೋಟೋದಲ್ಲಿದ್ದಂತೆಯೇ ಆಯಿತು. ನನ್ನ ಯೋಜನೆ ದಾರಿ ತಪ್ಪುತ್ತಿತ್ತು. ಅಷ್ಟರಲ್ಲಿ ಅವನು ನನ್ನ ಕಡೆ ತಿರುಗಿ, "ಹದಿನೇಳರಲ್ಲಿ ನೀನು ಏನಾಗಬೇಕು ಅಂತಿದ್ದೆ?" ಎಂದ.

ನಾನು ಇಂಜಿನಿಯರ್ ಎನ್ನಲು ಬಾಯಿ ತೆರೆಯುವುದರೊಳಗೆ ಸುಮನಾ ಎದ್ದು ಹೋಗಿ ಕಪಾಟಿನಿಂದ ಅದನ್ನು ತಂದೇಬಿಟ್ಟಳು. ಅಮ್ಮ ಲ್ಯಾಮಿನೇಟ್ ಮಾಡಿಸಿ ನನ್ನ ಸೂಟ್‌ಕೇಸಿಗೆ ತುರುಕಿದ್ದ ಪತ್ರಿಕೆಯ ತುಣುಕು. ಪಿಯುಸಿಯಲ್ಲಿ ನಾನು ರಾಜ್ಯಕ್ಕೆ ಒಂಬತ್ತನೇ ರ‍್ಯಾಂಕ್. ಅಮ್ಮ ಪೇಡ ತಿನ್ನಿಸುತ್ತಿದ್ದಾಳೆ, ನನ್ನ ಬಾಯಿ ಒಂದು ತೆಂಗಿನಕಾಯಿ ಹಿಡಿಸುವಷ್ಟು ತೆರೆದಿದೆ. ಕೆಳಗೆ, ಜಿಲ್ಲಾಧಿಕಾರಿಯಾಗಿ ಬಡವರ ಸೇವೆ ಮಾಡುವ ಆಸೆ ಇದೆ ಎಂಬ ನನ್ನ ಘೋಷಣೆ. ಪಕ್ಕದಲ್ಲಿದ್ದ ಉಳಿದ ರ‍್ಯಾಂಕಿನವರೂ ಅದನ್ನೇ ಹೇಳಿದ್ದರು. ಆಗ ಹಾಗೆ ಹೇಳುವುದು ವಾಡಿಕೆ, ಪೇಡದಷ್ಟೇ ಕಡ್ಡಾಯ.

ಯಾನ್ನೆಗೆ ಜಿಲ್ಲಾಧಿಕಾರಿ ಎಂದರೆ ಅರ್ಥವಾಗಲಿಲ್ಲ. ಸುಹಾಸ ಸ್ವೀಡಿಷ್‌ನಲ್ಲಿ ವಿವರಿಸಿದ: "ಅದು ಇಂಡಿಯಾದ ದೊಡ್ಡ ಲೀಗು. ನಮ್ಮಪ್ಪ ಮೊದಲ ಸುತ್ತಿನ ಆಯ್ಕೆ."

"ಇವರಲ್ಲಿ ಎಷ್ಟು ಜನ ಅಲ್ಲಿಗೆ ಮುಟ್ಟಿದರು?" ಎಂದು ಯಾನ್ನೆ ಸಹಜವಾಗಿ ಕೇಳಿದ.

ನನಗೆ ತಿಳಿದ ಮಟ್ಟಿಗೆ ಒಬ್ಬಳು, ಆರನೇ ರ‍್ಯಾಂಕಿನವಳು. ಉಳಿದ ನಾವೆಲ್ಲ ಎಲ್ಲೆಲ್ಲಿ ಬಾಗಿಲು ತೆರೆದು ಮುಚ್ಚುತ್ತಿದ್ದೇವೋ. ಅದನ್ನು ಬಾಯಿಬಿಟ್ಟು ಹೇಳುವಾಗ ನನಗೆ ದುಃಖವಾಗಬೇಕಿತ್ತು, ಆಗಲಿಲ್ಲ. ಸುಮನಾ ನನ್ನ ತಟ್ಟೆಗೆ ಇನ್ನೊಂದು ಸೌಟು ಬಾತು ಹಾಕಿದಳು.

ಹೊರಡುವಾಗ ಬೂಟಿನ ದಾರ ಕಟ್ಟುತ್ತ ಯಾನ್ನೆ ಹೇಳಿದ, "ಹೀಗೆ ನನ್ನನ್ನು ಊಟಕ್ಕೆ ಕರೆದವರಲ್ಲಿ ನೀನು ಐದನೆಯವನು. ಇಲ್ಲಿಯವರೆಗಿನದರಲ್ಲಿ ನಿಮ್ಮ ಮನೆಯದೇ ಒಳ್ಳೆಯ ಊಟ." ನನ್ನ ಬೆನ್ನು ತಟ್ಟಿ ಮೆಟ್ಟಿಲಿಳಿದು ಹೋದ. ಅವನ ಎಡಗಾಲಿನ ಸದ್ದು ನಿಲ್ಲುವವರೆಗೂ ನಾನು ತಲೆ ಎತ್ತಲಿಲ್ಲ.

ಒಳಗೆ ಬಂದರೆ ಸುಹಾಸ ನಾನು ಸಹಿ ಹಾಕಬೇಕಿದ್ದ ಪತ್ರ ಇಟ್ಟುಕೊಂಡು ಕೂತಿದ್ದ. "ಅಪ್ಪ, ಆ ಗೋಡೆ ನಾನು ಆರು ವರ್ಷದವನಿದ್ದಾಗಿಂದ ನೋಡ್ತಿದೀನಿ. ಯಾರ್ ಏನಾದ್ರು ಅಂತ ನಮ್ಮ ಟೀಮಲ್ಲಿ ಎಲ್ರಿಗೂ ಗೊತ್ತು. ನೀನೊಬ್ನೇ ಈಗ ಕಂಡುಹಿಡ್ದಿದೀಯ."

"ಗೊತ್ತಿದ್ದೂ ಹೋಗ್ತೀಯಾ?"

"ಹೂಂ." ಅವನು ಪತ್ರವನ್ನು ನನ್ನ ಕಡೆಗೆ ಸರಿಸಿದ. "ನಂಗೂ ಭಯ ಆಗತ್ತೆ ಅಪ್ಪ. ಆದ್ರೆ ಈ ಮನೇಲಿ ಇರೋ ಭಯನೆಲ್ಲಾ ನೀನೇ ಇಟ್ಕೊಂಡ್ರೆ, ನಾನು ಯಾರ ಹತ್ರ ಹೋಗಿ ಹೇಳ್ಕೊಳ್ಳಲಿ?"

ಹನ್ನೆರಡು ವರ್ಷ ಕಿಯೋಸ್ಕಿನಲ್ಲಿ ನಾನು ಬೆನ್ನು ಹಾಕಿ ನಿಂತಿದ್ದು ಆಟಕ್ಕೆ ಎಂದುಕೊಂಡಿದ್ದೆ, ಇವನಿಗೆ ಎಂದು ಆಗ ತಿಳಿಯಿತು. ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡೆ. ಅವನು ಒಂದೊಂದಾಗಿ ಹೇಳಿದ: ತನ್ನನ್ನು ಇರಿಸುವ ಮನೆಯವರು ಹೇಗಿರುತ್ತಾರೋ, ತಂಡದವರು ತನ್ನ ಹೆಸರನ್ನು ಹೇಗೆ ಕರೆಯುತ್ತಾರೋ, ಆಟವೇ ಬಾರದಿದ್ದರೆ ಏನೋ, ಅಮ್ಮ ಇಲ್ಲದ ಬೆಳಿಗ್ಗೆ ಹೇಗೋ. ನಾನು ಧೈರ್ಯ ಹೇಳಲು ಹೋಗಲಿಲ್ಲ, ನನ್ನ ಬಳಿ ಅದರ ದಾಸ್ತಾನಿರಲಿಲ್ಲ. ಬರೀ ಕೇಳಿಸಿಕೊಂಡೆ. ಆಮೇಲೆ ಪೆನ್ನು ತೆಗೆದೆ. ಇನ್ನೊಬ್ಬರ ಮುಂದಿನ ದಾರಿಯನ್ನು ತೀರ್ಮಾನಿಸುವಂಥ ಒಂದು ಸಹಿಯನ್ನು, ಜಿಲ್ಲಾಧಿಕಾರಿಗಳು ದಿನಕ್ಕೆ ನೂರು ಹಾಕುವಂಥದ್ದನ್ನು, ನಲವತ್ತೆಂಟನೆಯ ವಯಸ್ಸಿನಲ್ಲಿ ಹಾಕಿದೆ.

ಮಗ ಆಗಸ್ಟಿನಲ್ಲಿ ಹೋದ. ಗೋಡೆಯ ಮೇಲೆ ಈಗ ಹನ್ನೆರಡನೆಯ ಫೋಟೋ ಇದೆ. ಕೆನಡಾದಲ್ಲಿ ಅವನು ಸದ್ಯಕ್ಕೆ ಬೆಂಚಿನ ಮೇಲೆ ಕೂರುವುದೇ ಹೆಚ್ಚು. ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ಪೂರ್ತಿ ನೋಡುತ್ತೇನೆ. ಅವನು ಆಡದಿರುವಾಗ ಯಾಕೆ ಆಡಿಸುತ್ತಿಲ್ಲ ಎಂದು ಭಯ, ಆಡುವಾಗ ಮೊಣಕಾಲಿನ ಭಯ. ಭಾನುವಾರ ಫೋನ್ ಮಾಡುತ್ತಾನೆ. ಅವನ ಭಯ ಅವನು ಹೇಳುತ್ತಾನೆ, ನನ್ನದನ್ನು ನಾನು ಹೇಳುತ್ತೇನೆ. ಸುಮನಾ ಪಕ್ಕದಲ್ಲಿ ಕೂತು ಇಬ್ಬರಿಗೂ ಬೈಯುತ್ತಾಳೆ.

ಕಿಯೋಸ್ಕಿನ ಸರದಿ ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಮಾತ್ರ ನಾನು ಹೇಳಿಲ್ಲ. ಕಳೆದ ವಾರ ಅಲ್ಲಿ ಬನ್ನು ಬಿಸಿ ಮಾಡುತ್ತಿದ್ದಾಗ, ಚೆನ್ನಾಗಿ ಆಡುವ ಹದಿನೈದರ ಹುಡುಗಿಯೊಬ್ಬಳ ತಂದೆ ಬಂದು ನಿಂತ. ಹೊಸಬ, ಲಿಂಕೋಪಿಂಗ್‌ನಿಂದ ಈಚೆಗೆ ಬಂದವನು. ಕಾಫಿ ತೆಗೆದುಕೊಂಡ, ಆದರೆ ಕುಡಿಯಲಿಲ್ಲ. ಹನ್ನೆರಡನೆಯ ಫೋಟೋ ನೋಡಿದ, ನನ್ನ ಕಣ್ಣ ಕೆಳಗಿನ ಕಪ್ಪು ನೋಡಿದ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಬಹಳ ನಯವಾಗಿ, "ಒಂದು ಶನಿವಾರ ಮನೆಗೆ ಊಟಕ್ಕೆ ಬರಬೇಕು. ಮಗಳೂ ಇರುತ್ತಾಳೆ," ಎಂದ.

ನಾನು ಅವನನ್ನು ಸ್ವಲ್ಪ ಹೊತ್ತು ನೋಡಿದೆ. ಗಾಡಿ ನಿಲ್ಲಿಸಿ ಕಾಫಿಗೆ ಬಂದಿದ್ದ ಯಾನ್ನೆಯೂ ನಮ್ಮ ಕಡೆಯೇ ನೋಡುತ್ತಿದ್ದ.

"ಊಟಕ್ಕೆ ಏನು ಮಾಡ್ತೀರಿ?" ಎಂದು ಕೇಳಿದೆ.