ಅತ್ತೆ ಸೊಸೆಯ ಜಗಳ ಬೇಕಾಗಿದೆ

ಮುರಳಿಕೃಷ್ಣನಿಗಿದ್ದದ್ದು ಒಂದೇ ಕೊರಗು: ಅವನ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡುತ್ತಿರಲಿಲ್ಲ.

ಬೇರೆ ಗಂಡಸರಾಗಿದ್ದರೆ ಇಂಥ ಭಾಗ್ಯಕ್ಕೆ ಹರಕೆ ತೀರಿಸಿ ಬರುತ್ತಿದ್ದರು. ಆದರೆ ಮುರಳಿಕೃಷ್ಣ ಬರೀ ಗಂಡಸಲ್ಲ, ಕಥೆಗಾರ. (ಹಗಲು ಹೊತ್ತು ಮೂರು ಭಾಷೆಯ ಗಡಿಯೂರು ಹೊಸೂರಿನ ಕಾರ್ಖಾನೆಯೊಂದರಲ್ಲಿ ಬೋಲ್ಟು ನೆಟ್ಟಗಿದೆಯೇ ಎಂದು ನೋಡುವ ಕೆಲಸ. ಕಥೆಗಾರನಾಗಿ ಒಂದು ತಿಂಗಳಾಗಿತ್ತು, ಕಥೆ ಮಾತ್ರ ಇನ್ನೂ ಆಗಿರಲಿಲ್ಲ.) ಕನ್ನಡ ಸಂಘದವರು ಒಂದು ಭಾನುವಾರ ಹೊಸೂರಿನಲ್ಲಿ ಕಥಾ ಕಮ್ಮಟ ಏರ್ಪಡಿಸಿದ್ದರು. ತನ್ನೂರು ಬಾಗಲೂರಿನಿಂದ ಬಸ್ಸು ಹತ್ತಿದಾಗ ಇವನು ಸಾಮಾನ್ಯ ಮನುಷ್ಯ. ಮಧ್ಯಾಹ್ನ ಪುಳಿಯೋಗರೆ ತಿಂದು ಸಂಜೆ ಮನೆಗೆ ಬಂದಾಗ ಸಾಹಿತಿ.

ಕಮ್ಮಟದ ಅಂಬರೀಶ್ ಮೇಷ್ಟ್ರು ಧಾರಾಳವಾಗಿ ಬುದ್ಧಿ ಹೇಳಿದ್ದರು. ಕಂಡದ್ದನ್ನು ಬರೆಯಿರಿ. ಜನ ಆಡುವ ಹಾಗೆಯೇ ಮಾತು ಬರೆಯಿರಿ. ವಿಶೇಷಣ ಒಗ್ಗರಣೆಯಷ್ಟಿರಲಿ, ಸಾರಿನಷ್ಟು ಬೇಡ. ಮುರಳಿಕೃಷ್ಣ ಎಲ್ಲವನ್ನೂ ಪಾಲಿಸಿ, ತನ್ನ ತಾಯಿ ಮುನಿಗಂಗಮ್ಮನೂ ಹೆಂಡತಿ ಭಾಗ್ಯಲಕ್ಷ್ಮಿಯೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುವುದನ್ನು ನಾಲ್ಕು ಪುಟ ಬರೆದು ಒಪ್ಪಿಸಿದ. ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಅವರೆಕಾಯಿ ಚೆನ್ನಾಗಿದೆ. ಆದ್ರೆ ಸಂಘರ್ಷ ಎಲ್ಲಿ ಮುರಳಿಕೃಷ್ಣ? ಸಂಘರ್ಷ ಇಲ್ಲದ ಕಥೆ ಉಪ್ಪಿಲ್ಲದ ಉಪ್ಸಾರು. ನಮ್ಮ ವಾರ್ಷಿಕ ಸಂಚಿಕೇಲಿ ಜಾಗ ಇಟ್ಟಿರ್ತೀನಿ, ತಿದ್ದಿ ಕೊಡಿ."

ಎಲ್ಲಿಂದ ತರುವುದು ಸಂಘರ್ಷ? ಅವನ ಮನೆಯ ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಕಡಲೆಕಾಯಿ ತಿನ್ನುತ್ತಾ ತಮಿಳು ಧಾರಾವಾಹಿ ನೋಡುವವರು. ಅದರಲ್ಲಿ ಬರುವ ಕೆಟ್ಟ ಅತ್ತೆಯನ್ನು ಇಬ್ಬರೂ ಸೇರಿ ತೆಲುಗಿನಲ್ಲಿ ಬೈಯುವವರು. ಕೊನೆಗೆ ಮುರಳಿಕೃಷ್ಣ ತೀರ್ಮಾನಿಸಿದ: ತಾನಾಗಿ ಹುಟ್ಟದಿದ್ದರೆ ಎಲೆಕೋಸಿನ ಸಸಿಯಂತೆ ನೆಟ್ಟು ಬೆಳೆಸಬೇಕು. ಸಾಹಿತ್ಯಸೇವೆ ಎಂದರೆ ಸುಮ್ಮನೆಯೇ?

ಮೊದಲು ತಾಯಿಯ ಹತ್ತಿರ ಹೋದ.

"ಅವ್ವಾ, ನಿನ್ ಸೊಸೆ ಏನಂದ್ಲು ಗೊತ್ತಾ? ನೀನು ಮುದ್ದೆ ತಿರುವಿದ್ರೆ ಬರೀ ಗಂಟಂತೆ."

"ನಿಜಾನೇ ಕಣ್ಲಾ," ಎಂದಳು ಮುನಿಗಂಗಮ್ಮ. "ರಟ್ಟೇಲಿ ಸಕ್ತಿ ಎಲ್ಲೈತೆ? ಪಾಪ, ಇಷ್ಟು ದಿನ ಬಾಯಿ ಮುಚ್ಕೊಂಡು ತಿಂದೌಳೆ ಮಗ."

ಸಂಘರ್ಷ ಅಲ್ಲೇ ಸತ್ತಿತು. ಹೆಂಡತಿಯ ಹತ್ತಿರ ಹೋದ.

"ಭಾಗ್ಯ, ನಿಮ್ಮಪ್ಪ ಜಿಪುಣ ಅಂತ ಅವ್ವ ಅಂತಿತ್ತು."

"ಇನ್ನೇನ್ರೀ ಮತ್ತೆ? ನಮ್ಮೂರು ಜವಳಗಿರೀಗೆಲ್ಲ ಗೊತ್ತಿರೋ ಮಾತದು."

ಹೀಗಾದರೆ ಸಂಚಿಕೆಯಲ್ಲಿ ಕಥೆ ಅಚ್ಚಾದ ಹಾಗೆಯೇ! ಮಾರನೆಯ ದಿನ ಕೆಲಸಕ್ಕೆ ಹೊರಡುವ ಮುಂಚೆ ಮುರಳಿಕೃಷ್ಣ ಬ್ರಹ್ಮಾಸ್ತ್ರ ತೆಗೆದ. ಹೆಂಡತಿಗೆ ಹೇಳಿದ: "ಅವ್ವ ಪಕ್ಕದ್ಮನೆ ರುಕ್ಮಿಣಮ್ಮನ ಹತ್ರ ಹೇಳ್ತಿತ್ತು, ಮೊದ್ಲು ಒಪ್ಕೊಂಡಿದ್ದ ತಳಿ ಊರಿನ ಹುಡುಗೀನೇ ತಂದ್ಕೋಬೇಕಿತ್ತು ಅಂತ." ಭಾಗ್ಯಲಕ್ಷ್ಮಿಯ ಕೈಯಲ್ಲಿದ್ದ ಸೌಟು ನಿಂತಿತು. ತಾಯಿಗೆ ಹೇಳಿದ: "ನಿನ್ನ ಕೃಷ್ಣಗಿರಿಗೆ, ನಮ್ ತಂಗಿ ಸರಳಾ ಮನೆಗೆ ಕಳ್ಸಿಬಿಡಿ ಅಂತವಳೆ ಭಾಗ್ಯ." ತಾಯಿಯ ಬಾಯಲ್ಲಿದ್ದ ಎಲೆಅಡಿಕೆಯೂ ನಿಂತಿತು. ಅವನು ಕುಣಿಯುತ್ತಾ ಕಂಪನಿ ಬಸ್ಸು ಹತ್ತಿದ.

ಸಂಜೆ ಬಂದರೆ ಬೀದಿಯ ತಿರುವಿಗೇ ಜಗಳ ಕೇಳಿಸುತ್ತಿತ್ತು! ಮುರಳಿಕೃಷ್ಣ ಬಾಗಿಲ ಮರೆಯಲ್ಲಿ ನಿಂತು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿದ.

"ನಿನ್ ಕೈಯ ಸಾರು ಉಂಡೂ ಉಂಡೂ ನನ್ ನಾಲ್ಗೆ ಸತ್ತೋಗೈತೆ ಕಣಮ್ಮಿ!" ಇದು ಮುನಿಗಂಗಮ್ಮ.

"ಸತ್ತೋಗಿರೋ ನಾಲ್ಗೆ ಇಷ್ಟುದ್ದ ಆಡ್ತೈತಾ ಅತ್ತೆ?"

"ಕಾಡಾನೆ ನೋಡ್ಕೊಂಡು ಬೆಳ್ದೋಳಲ್ವಾ, ನಡಿಗೇನೂ ಅದ್ರಂಗೇ ಐತೆ!"

"ನಮ್ಮೂರಾಗೆ ತಮಟೆ ಬಡುದ್ರೆ ಆನೆ ಹೊಂಟೋಗ್ತೈತೆ. ನಿಮಗೆ ಯಾವ ತಮಟೆ ಬಡೀಲಿ?"

ಆಹಾ! ಏನು ಸಂಭಾಷಣೆ, ಏನು ಲಯ! ಇಂಥದ್ದನ್ನು ತಾನು ಕೂತು ಬರೆದರೆ ಏಳು ಜನ್ಮಕ್ಕೂ ಬಾರದು ಎಂದು ಅವನು ಪುಳಕಗೊಳ್ಳುತ್ತಿರುವಾಗಲೇ ಭಾಗ್ಯಲಕ್ಷ್ಮಿ ಉಬ್ಬಿದ ಬ್ಯಾಗು ಹಿಡಿದು ಹೊರಗೆ ಬಂದಳು.

"ನಾನು ಜವಳಗಿರಿಗೆ ಹೊಂಟೆ. ರಾಗಿ ಹಿಟ್ಟು ಡಬ್ಬದಾಗೈತೆ."

ಹಿಂದೆಯೇ ಮುನಿಗಂಗಮ್ಮ, ಕಂಕುಳಲ್ಲಿ ಗಂಟು. "ಅವಳ್ಯಾಕೆ ಹೋಗ್ಬೇಕು? ನಾನೇ ಸರಳಾ ಮನೆಗೆ ಹೋಗ್ತೀನಿ. ಮತ್ತೆ ನಿನ್ ಹೊಸ್ತಿಲು ತುಳಿಯಾಕಿಲ್ಲ ಕಣ್ಲಾ."

ಮುರಳಿಕೃಷ್ಣನ ಸಾಹಿತ್ಯ ಅಂಗಾಲಿಗಿಳಿಯಿತು. ಇಬ್ಬರೂ ಇಲ್ಲದ ಮನೆ ಕಣ್ಣ ಮುಂದೆ ಬಂತು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಗಂಟು ಹಿಡಿದುಕೊಂಡು ಬಾಗಿಲಲ್ಲೇ ಕುಸಿದ.

"ಯಾರೂ ಹೋಗ್ಬೇಡಿ! ಅವ್ವ ಏನೂ ಅಂದಿಲ್ಲ, ಭಾಗ್ಯಾನೂ ಏನೂ ಅಂದಿಲ್ಲ. ಎಲ್ಲಾ ನಾನೇ ಕಟ್ಟಿ ಹೇಳಿದ್ದು. ಕಥೆಗೆ ಒಸಿ ಸಂಘರ್ಷ ಬೇಕಾಗಿತ್ತು ಕಣವ್ವಾ!"

ಭಾಗ್ಯಲಕ್ಷ್ಮಿ ಬ್ಯಾಗಿನ ಜಿಪ್ ಎಳೆದಳು. ಒಳಗಿಂದ ಎರಡು ದಿಂಬು ಉರುಳಿದವು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕ ನಗೆಗೆ ರುಕ್ಮಿಣಮ್ಮ ಕಾಂಪೌಂಡಿನ ಮೇಲಿಂದ ಇಣುಕಿದಳು.

"ಬೆಳಿಗ್ಗೇನೇ ಅತ್ತೇನ ಕೇಳ್ದೆ, ಯಾರು ಆ ತಳಿ ಹುಡುಗಿ ಅಂತ," ಎಂದಳು ಭಾಗ್ಯಲಕ್ಷ್ಮಿ ಕಣ್ಣೊರೆಸಿಕೊಳ್ಳುತ್ತಾ.

"ತಳೀಲಿ ಯಾವ ಹುಡುಗಿ ಇದ್ಲೋ ನಿನಗೆ?" ಎಂದಳು ತಾಯಿ. "ಊರೂರು ಸುತ್ತಿದ್ರೂ ನಿನಗೆ ಹೆಣ್ಣು ಕೊಡ್ತೀನಿ ಅಂದೋರು ಇವ್ರಪ್ಪ ಒಬ್ರೇ! ಸುಳ್ಳು ಹೇಳಾಕಾದ್ರೂ ನಂಬೋ ಅಂಗೆ ಹೇಳ್ಬಾರ್ದಾ?"

ಅಂದು ಮುದ್ದೆ ತಿರುವುವ ಕೆಲಸ ಮುರಳಿಕೃಷ್ಣನ ಪಾಲಿಗೆ ಬಂತು. (ಗಂಟಿನ ವಿಚಾರ ಬೇಡ.) ಆದರೆ ಕಥೆಗಾರನ ಛಲ ಅಷ್ಟಕ್ಕೆ ಆರೀತೇ? ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಬರೆದು ಮೇಷ್ಟ್ರಿಗೆ ಕಳಿಸಿದ.

ಮುಂದಿನ ಭಾನುವಾರ ಮೇಷ್ಟ್ರ ಫೋನು ಬಂತು. ಹೊಗಳಿಕೆ ಮನೆಯವರ ಕಿವಿಗೂ ಬೀಳಲಿ ಎಂದು ಮುರಳಿಕೃಷ್ಣ ಸ್ಪೀಕರ್ ಹಾಕಿ ಜಗಲಿಯ ನಡುವೆ ಇಟ್ಟ.

"ಅತ್ತೆ ಸೊಸೆ ಅದ್ಭುತ ಮುರಳಿಕೃಷ್ಣ! ಎಂಥಾ ಮಾತು, ಎಂಥಾ ಜಾಣ್ಮೆ!" ಮುರಳಿಕೃಷ್ಣನ ಎದೆ ಉಬ್ಬಿತು. "ಆದ್ರೆ ಆ ಗಂಡನ ಪಾತ್ರ ನಂಬೋಕಾಗಲ್ಲ. ಅಷ್ಟು ಪೆದ್ದ ಲೋಕದಲ್ಲಿ ಎಲ್ಲಿರ್ತಾನೆ? ಕಂಡದ್ದು ಬರೀರಿ ಅಂತ ಹೇಳಿದ್ನಲ್ಲಾ. ಅವನಿಗೆ ಒಂಚೂರು ಬುದ್ಧಿ ಕೊಡಿ, ಅಚ್ಚು ಹಾಕೋಣ."

ಮುರಳಿಕೃಷ್ಣ ಫೋನಿಗೆ ಕೈ ಹಾಕುವಷ್ಟರಲ್ಲಿ ಮುನಿಗಂಗಮ್ಮ ಬಗ್ಗಿ ಅದರ ಹತ್ತಿರ ಬಾಯಿಟ್ಟಳು.

"ಹುಟ್ದಾಗಿಂದ ನಾನೂ ಕೊಟ್ಟು ನೋಡ್ದೆ ಸ್ವಾಮಿ, ಹತ್ಲಿಲ್ಲ. ನಿಮ್ ಹತ್ರ ಒಸಿ ಜಾಸ್ತಿ ಇದ್ರೆ ಬಸ್ಸಾಗೆ ಕೊಟ್ಟು ಕಳ್ಸಿ."