ಪುಂಡಿ ಸೊಪ್ಪಿಗೊಂದು ಸರ್ಟಿಫಿಕೇಟು

ಒಣಗಿಸುವುದರಲ್ಲಿ ಏನಿದೆ? ಒದ್ದೆ ಇದ್ದದ್ದು ಒಣಗುತ್ತದೆ. ಅಷ್ಟೇ! ಉಕ್ಕಿನ ಕಾರ್ಖಾನೆಯಲ್ಲಿ ಸಾವಿರ ಡಿಗ್ರಿಯ ಕುಲುಮೆಗಳನ್ನು ನೋಡಿಕೊಳ್ಳುವ ಎಂಜಿನಿಯರಿಗೆ ನಾಲ್ಕು ಹಿಡಿ ಸೊಪ್ಪು ಒಣಗಿಸುವುದು ಯಾವ ಮಹಾ ಕೆಲಸ?

ಹೀಗೆಂದು ನಾನು ಹೇಳಿದೆನಂತೆ. ಹೆಂಡತಿ ಗಿರಿಜಾ ಇವತ್ತಿಗೂ ಸೊಂಟದ ಮೇಲೆ ಕೈಯಿಟ್ಟು ನನ್ನ ಧ್ವನಿಯಲ್ಲೇ ಅದನ್ನು ಹೇಳಿ ತೋರಿಸುತ್ತಾಳೆ. ನನಗೆ ಹಾಗೆ ಹೇಳಿದ ನೆನಪಿಲ್ಲ. ಆದರೆ ನನ್ನ ನೆನಪಿನ ಯೋಗ್ಯತೆ ನನಗೆ ಗೊತ್ತು. ಪ್ರತಿ ಸಲ ಹೇಳುವಾಗಲೂ ಅದು ನನ್ನನ್ನು ಒಂದಿಂಚು ಎತ್ತರ ಮಾಡುತ್ತದೆ. ಆದ್ದರಿಂದ ಮುಂದೆ ನಾನು ಬುದ್ಧಿವಂತನಾಗಿ ಕಂಡ ಕಡೆಯೆಲ್ಲ ಓದುಗರು ಸಂಶಯಪಡತಕ್ಕದ್ದು. ಅಂಥ ಜಾಗ ಹೆಚ್ಚಿಲ್ಲ.

ಆ ವರ್ಷ ನಾವು ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ನಲ್ಲಿದ್ದೆವು. ಗಿರಿಜಾ ಗರ್ಭಿಣಿ. ಅವಳ ಬಯಕೆ ಒಂದೇ: ಜೋಳದ ರೊಟ್ಟಿ, ಪುಂಡಿ ಪಲ್ಯ. ರಾಯಚೂರು ಕಡೆಯ ಹೆಣ್ಣಿಗೆ ಇನ್ನೇನು ಬಯಕೆಯಾದೀತು? ಜೋಳದ ಹಿಟ್ಟು ಊರಿಂದ ತಂದದ್ದಿತ್ತು. ಪುಂಡಿ? ಅತ್ತೆ ಶೇಂಗಾ ಚಟ್ನಿಪುಡಿಯ ಪಾರ್ಸೆಲ್ಲಿನಲ್ಲಿ ಬೀಜ ಕಟ್ಟಿ ಕಳಿಸಿದರು. ಜೊತೆಗೆ ಫೋನಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟರು.

"ಬಸುರಿ ಹೆಂಗಸಿನ ಬಯಕಿ ತೀರಿಸಲಿಲ್ಲಂದ್ರ ಹುಟ್ಟಿದ ಕೂಸಿನ ಕಿವಿ ಸೋರತಾವ. ತಿಳೀತೇನ್ರಿ ಅಳಿಯಂದಿರ?"

ತಿಳಿಯಿತು. ಒಂದು ಕೂಸಿನ ಎರಡು ಕಿವಿಗಳ ಹೊಣೆ ಈಗ ನನ್ನದು.

ಬಾಲ್ಕನಿಯಲ್ಲಿ ಒಂಬತ್ತು ಕುಂಡ ಇಟ್ಟೆ. (ಗಿರಿಜಾ ಆರು ಎನ್ನುತ್ತಾಳೆ. ಒಂಬತ್ತೇ ಇರಲಿ.) ಅಲ್ಲಿ ಜೂನ್‌ನಲ್ಲಿ ಸೂರ್ಯ ರಾತ್ರಿ ಹತ್ತು ಗಂಟೆಯಾದರೂ ಮನೆಗೆ ಹೋಗುವುದಿಲ್ಲ. ಊರಿನಲ್ಲಿ ಏಳಕ್ಕೆಲ್ಲ ದಿನ ಮುಗಿಸುವ ಪುಂಡಿ ಇಲ್ಲಿ ಓವರ್‌ಟೈಮ್ ಮಾಡಿತು. ಆಗಸ್ಟ್ ಹೊತ್ತಿಗೆ ನನಗಿಂತ ಎತ್ತರ! ಐದು ಬೆರಳು ಚಾಚಿದಂಥ ಎಲೆ, ಅಂಚಿಗೆ ಗರಗಸದ ಹಲ್ಲು, ಗಾಳಿ ಬಂದರೆ ಬೀದಿಗೆಲ್ಲ ಕೈಬೀಸುವ ಗತ್ತು. ದಾರಿಹೋಕರು ನಿಂತು ತಲೆಯೆತ್ತಿ ನೋಡುತ್ತಿದ್ದರು. ಸ್ವೀಡಿಷ್ ಜನಕ್ಕೆ ಹಸಿರೆಂದರೆ ಎಷ್ಟು ಪ್ರೀತಿ ಎಂದು ನಾನು ಹೆಮ್ಮೆಯಿಂದ ಕೈಬೀಸುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಟಿವಿಯಲ್ಲಿ ಹಿಮದ ಮುನ್ಸೂಚನೆ ಬಂತು. ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಪುಂಡಿಯ ಕಥೆ ಮುಗಿಯಿತು. ವಾರವಾರ ಹಸಿ ಸೊಪ್ಪಿನ ಪಲ್ಯ ತಿಂದರೂ ಗಿರಿಜಾಳ ಬಯಕೆ ತೀರಿರಲಿಲ್ಲ, ಹೆರಿಗೆಗೆ ಇನ್ನೂ ಎರಡೂವರೆ ತಿಂಗಳು. ಎಲ್ಲವನ್ನೂ ಕೊಯ್ದು ಒಣಗಿಸಿಟ್ಟರೆ ಮಾತ್ರ ಕಿವಿಗಳು ಉಳಿಯುತ್ತವೆ.

ಕೊಯ್ಯುತ್ತಿರುವಾಗ ಬಾಗಿಲು ಬಡಿದದ್ದು ನೆಲಮಹಡಿಯ ಮನೆಯ ಆರ್ನೆ. ನಮ್ಮ ಕಾರ್ಖಾನೆಯಲ್ಲೇ ದುಡಿದು ನಿವೃತ್ತನಾದ, ಸೊಂಟ ನೋವಿನ ಮನುಷ್ಯ. ಎರಡು ವರ್ಷದಲ್ಲಿ ನನ್ನ ಹತ್ತಿರ ಆಡಿದ ಒಟ್ಟು ಮಾತು "ಹೇ", ಅಂದರೆ ನಮಸ್ಕಾರ. ಅವತ್ತು ಮೂರು ಮಹಡಿ ಹತ್ತಿ ಬಂದಿದ್ದ. ಸುತ್ತ ನೋಡಿ ಧ್ವನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ.

"ಬಿಸಿಲಿಗೆ ಹಾಕಬೇಡ. ಕತ್ತಲೆ ಬೇಕು. ತಲೆಕೆಳಗಾಗಿ ತೂಗುಹಾಕು. ಹತ್ತು ದಿನ. ಆಮೇಲೆ ಗಾಜಿನ ಬಾಟಲಿ. ದಿನಕ್ಕೆರಡು ಸಲ ಮುಚ್ಚಳ ತೆಗೆದು ಮುಚ್ಚು. ಅದಕ್ಕೂ ಉಸಿರು ಬೇಕು."

"ನಿಮಗೆ ಇದು ಗೊತ್ತಾ?" ಎಂದೆ ಬೆರಗಾಗಿ.

"ಹರೆಯದಲ್ಲಿ," ಎಂದು ಆರ್ನೆ ದೂರ ನೋಡಿ ನಕ್ಕ. "ತುಂಬಾ."

ನನ್ನ ಕಣ್ಣು ತುಂಬಿ ಬಂತು. ಹರೆಯದಲ್ಲಿ ತುಂಬಾ ಪುಂಡಿ ತಿಂದ ಸ್ವೀಡಿಷ್ ಮನುಷ್ಯ! ಅಂದು ಭಾನುವಾರ, ಫೋನ್ ಕಾರ್ಡ್ ಗೀಚಿ ಅತ್ತೆಗೆ ಕೇಳಿದರೆ ಅವರೂ ಅದನ್ನೇ ಹೇಳಬೇಕೇ?

"ಬಿಸಲಾಗ ಹಾಕಬ್ಯಾಡ್ರಿ, ಬಣ್ಣ ಹೋಗ್ತದ. ನೆರಳಾಗ, ಸಾವಕಾಶ."

ರಾಯಚೂರಿನ ಅತ್ತೆಗೂ ಸ್ಯಾಂಡ್‌ವಿಕೆನ್‌ನ ಆರ್ನೆಗೂ ಒಂದೇ ಗುರುಪರಂಪರೆ. ಇಬ್ಬರು ಅನುಭವಸ್ಥರು ಒಂದೇ ಮಾತು ಹೇಳಿದಾಗ ಎಂಜಿನಿಯರನ ಕರ್ತವ್ಯವೇನು? ಅದು ತಪ್ಪೆಂದು ಸಾಧಿಸುವುದು!

"ಹತ್ತು ದಿನ ಯಾಕೆ? ಮಷೀನಿನಲ್ಲಿ ಎರಡು ಗಂಟೆ," ಎಂದೆ.

"ನನ್ನ ಪಾಲಿಂದು ಮುಟ್ಟಬ್ಯಾಡ್ರಿ," ಎಂದು ಗಿರಿಜಾ ಅರ್ಧ ಸೊಪ್ಪನ್ನು ಎಳೆದುಕೊಂಡಳು. "ನಿಮ್ಮ ಅರ್ಧ ನೀವು ಸುಟಗೊಂಡು ಹಾಳಾಗಿ ಹೋಗ್ರಿ."

ನೆಲಮಾಳಿಗೆಯಲ್ಲಿ ಕಟ್ಟಡದವರೆಲ್ಲ ಹಂಚಿಕೊಳ್ಳುವ ಬಟ್ಟೆ ಒಗೆಯುವ ಕೋಣೆ ಇತ್ತು. ಅಲ್ಲಿ ಮನುಷ್ಯನಷ್ಟು ಎತ್ತರದ ಒಂದು ಬೀರು. ಒಳಗೆ ಬಿಸಿಗಾಳಿ ಬೀಸಿ ಬಟ್ಟೆ ಒಣಗಿಸುತ್ತದೆ. ಅದಕ್ಕೆ ಪಾಳಿ ಹಿಡಿಯಬೇಕು. ಆ ದೇಶದಲ್ಲಿ ದೇವರನ್ನು ನಂಬದವರಿದ್ದಾರೆ, ಪಾಳಿಯನ್ನು ನಂಬದವರಿಲ್ಲ. ನಾನು ವಿಧಿವತ್ತಾಗಿ ನನ್ನ ಹೆಸರಿನ ಪಾಳಿಯಲ್ಲೇ ಬೀರು ತೆರೆದು, ಪುಂಡಿಯ ಕಟ್ಟುಗಳನ್ನು ಬಟ್ಟೆಯ ಕ್ಲಿಪ್ಪು ಹಾಕಿ ಸಾಲಾಗಿ ತೂಗಿಬಿಟ್ಟು, ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿ, ಮೇಲೆ ಹೋಗಿ ಉಂಡು, ಸ್ವಲ್ಪ ಒರಗಿದೆ.

ಎದ್ದಾಗ ಬೇರೆಯವರ ಪಾಳಿ ಶುರುವಾಗಿ ಅರ್ಧ ಗಂಟೆಯಾಗಿತ್ತು.

ಓಡಿದೆ. ಬೀರಿನಲ್ಲಿ ಕ್ಲಿಪ್ಪುಗಳು ಮಾತ್ರ ಇದ್ದವು. ಸೊಪ್ಪು ಒಣಗಿ, ಅತಿಯಾಗಿ ಒಣಗಿ, ಪುಡಿಯಾಗಿ, ಬಿಸಿಗಾಳಿಯ ಜೊತೆ ಕೋಣೆಯ ಮೂಲೆಮೂಲೆಗೂ ಹೋಗಿ ನೆಲೆಸಿತ್ತು. ಬಾಗಿಲಿಗೆ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಅಂಟಿತ್ತು. ಅಲ್ಲಿ ಯಾರೂ ಮುಖ ನೋಡಿ ಜಗಳವಾಡುವುದಿಲ್ಲ, ಚೀಟಿ ಬರೆಯುತ್ತಾರೆ.

"ಇಲ್ಲಿ ಗಿಡ ಒಣಗಿಸಿದವರಿಗೆ: ನೀವು ಏನು ಬೆಳೆಯುತ್ತೀರಿ ಎಂಬುದು ನಿಮ್ಮ ಖಾಸಗಿ ವಿಷಯ. ಆದರೆ ಬೀರಿನ ಜಾಲರಿ ಸ್ವಚ್ಛ ಮಾಡದೆ ಹೋಗುವುದು ಅಕ್ಷಮ್ಯ!!!"

ಅಕ್ಷಮ್ಯದ ಕೆಳಗೆ ಮೂರು ಗೆರೆ. ನನಗೆ ನಾಚಿಕೆಯಾಯಿತು. ಜಾಲರಿ ಉಜ್ಜಿದೆ, ನೆಲ ಒರೆಸಿದೆ, ಚೀಟಿಯ ಕೆಳಗೆ ನನ್ನ ಉತ್ತರ ಅಂಟಿಸಿದೆ:

"ಕ್ಷಮಿಸಿ. ಗಿಡ ನಮ್ಮದೇ. ಇನ್ನೂ ಬೇಕಾದಷ್ಟಿದೆ. ಬೇಕಾದವರು ಮೂರನೇ ಮಹಡಿಗೆ ಬಂದು ಕೇಳಿದರೆ ಉಚಿತವಾಗಿ ಕೊಡುತ್ತೇವೆ." ಕೆಳಗೆ ಪೂರ್ಣ ಹೆಸರು, ಮನೆ ನಂಬರು, ಸಹಿ.

ಗಿರಿಜಾಳ ಅರ್ಧ ಮಾತ್ರ ಆರ್ನೆಯ ವಿಧಾನದಂತೆ ಬಟ್ಟೆಯ ಕಪಾಟಿನಲ್ಲಿ, ನನ್ನ ಏಕೈಕ ಸೂಟಿನ ಪಕ್ಕ, ತಲೆಕೆಳಗಾಗಿ ತೂಗಿತು. ಹತ್ತನೇ ದಿನ ಮುಟ್ಟಿದರೆ ಗರಗರ, ಬಣ್ಣ ಮಾತ್ರ ಹಾಗೇ ಹಸಿರು. ಆರು ಗಾಜಿನ ಬಾಟಲಿ ತುಂಬಿತು. ದಿನಕ್ಕೆರಡು ಸಲ ಗಿರಿಜಾ ಮುಚ್ಚಳ ತೆಗೆದು ಮೂಸಿ "ಆಹಾ" ಎನ್ನುವಳು. ಒಂದು ಬಾಟಲಿಯನ್ನು ಗುರುದಕ್ಷಿಣೆಯೆಂದು ಆರ್ನೆಗೆ ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕೋಟಿನೊಳಗೆ ಅಡಗಿಸಿದ. ಆ ವಿನಯ ನನಗೆ ಹಿಡಿಸಿತು.

ಮರುದಿನ ಒಂದು ಎಲೆಯನ್ನು ಊಟದ ಡಬ್ಬಿಯಲ್ಲಿಟ್ಟು ಕಾರ್ಖಾನೆಗೆ ಒಯ್ದೆ. ಭದ್ರಾವತಿಯ ನಯಾಜ್ ನನ್ನ ಜೊತೆ ಕೆಲಸ ಮಾಡುತ್ತಿದ್ದ. ನಮ್ಮೂರ ಸೊಪ್ಪು ಅವನಿಗೆ ತೋರಿಸುವ ಆಸೆ. ಫೀಕಾ ಎಂಬ ಅಲ್ಲಿನ ಕಾಫಿ ವಿರಾಮದಲ್ಲಿ, ಎಲ್ಲರೂ ಕಾಫಿ ಹಿಡಿದು ಕೂತಿರುವಾಗ, ಡಬ್ಬಿ ತೆರೆದೆ.

ನಯಾಜ್ ಡಬ್ಬಿಯ ಮುಚ್ಚಳವನ್ನು ಪಟ್ಟನೆ ಮುಚ್ಚಿದ.

"ಏನ್ ಗುರೂ ಇದು? ಗಾಂಜಾ!"

"ಅಲ್ಲ ಮಾರಾಯ, ಪುಂಡಿ. ಪಲ್ಯ ಮಾಡ್ತಾರೆ. ಹುಳಿ ಇರುತ್ತೆ."

"ನಿಂಗೆ ಪುಂಡಿ. ನೋಡಿದವ್ರಿಗೆ ಏನು? ಯಾರ್ಯಾರಿಗೆ ತೋರ್ಸಿದೀಯ?"

"ನೋಟೀಸ್ ಹಾಕಿದೀನಿ."

ನಯಾಜ್ ಕಾಫಿ ಕೆಳಗಿಟ್ಟ. "ನೋಟೀಸಲ್ಲಿ ಏನಂತ ಬರ್ದಿದೀಯ?"

"ಫ್ರೀಯಾಗಿ ಕೊಡ್ತೀವಿ ಅಂತ. ಹೆಸರು, ಮನೆ ನಂಬರ್ ಎಲ್ಲಾ ಇದೆ."

ಅವನು ಡಬ್ಬಿಯನ್ನು ನನ್ನ ಬ್ಯಾಗಿನೊಳಗೆ ತುರುಕಿದ. ಆಮೇಲೆ, ಮಗುವಿಗೆ ಹೇಳುವಂತೆ ಹೇಳಿದ: "ನಿನ್ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ಹೋಗಿದೆ. ಮನೆಯಲ್ಲಿ ಡೆಲಿವರಿ ಇದೆ. ಇವತ್ತೇ ಆ ನೋಟೀಸ್ ಕಿತ್ತಾಕು. ಬಾಯಿ ಮುಚ್ಕೊಂಡು ಪಲ್ಯ ಮಾಡಿ ತಿಂದ್ಬಿಡು. ಬೇರೆ ಏನೂ ಮಾಡ್ಬೇಡ. ಏನೂ!"

ಇದು ಚಿನ್ನದಂಥ ಸಲಹೆಯಾಗಿತ್ತು. ಅಷ್ಟನ್ನು ಪಾಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಆದರೆ ನಾನು ಬೆಳೆದದ್ದು ಬದುಕಿರುವುದಕ್ಕೂ ಪ್ರಮಾಣಪತ್ರ ಕೇಳುವ ದೇಶದಲ್ಲಿ. ಪುಂಡಿ ಪುಂಡಿಯೇ ಎಂದು ಸರಕಾರದ ಮುದ್ರೆಯೊಂದು ಬಿದ್ದರೆ ಮತ್ತೆ ಯಾರ ಭಯ? ಮುಂದಿನ ವಾರ ಗಿರಿಜಾ ಸೂಲಗಿತ್ತಿ ನರ್ಸಿನ ಹತ್ತಿರ ತಪಾಸಣೆಗೆ ಹೋಗಿದ್ದ ಹೊತ್ತು ನೋಡಿ ಐದೂ ಬಾಟಲಿಗಳನ್ನು ಬ್ಯಾಗಿಗೆ ತುಂಬಿದೆ. ಒಂದನ್ನೇ ಒಯ್ದರೆ ಉಳಿದವನ್ನು ಬಚ್ಚಿಟ್ಟಂತೆ ಆಗುವುದಿಲ್ಲವೇ? ಜೊತೆಗೆ ಮದುವೆಯ ಸರ್ಟಿಫಿಕೇಟು, ಎಂಜಿನಿಯರಿಂಗ್ ಮಾರ್ಕ್ಸ್‌ಕಾರ್ಡ್, ಸಂಬಳದ ಚೀಟಿ, ಎಲ್ಲದರ ಎರಡೆರಡು ಜೆರಾಕ್ಸು, ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೋ. ಮತ್ತು ಒಂದು ಅರ್ಜಿ: "ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ಕೋರುವುದೇನೆಂದರೆ..."

ಪೊಲೀಸ್ ಠಾಣೆಯಲ್ಲಿ ಟೋಕನ್ ತೆಗೆದು ಕೂತೆ. ಸರದಿ ಬಂದಾಗ ಬಾಟಲಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದೆ. ಪೊಲೀಸ್ ಹೆಂಗಸು ಬಾಟಲಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಫೋಟೋಗಳನ್ನು ನೋಡಿದಳು.

"ಯಾರಾದರೂ ದೂರು ಕೊಟ್ಟಿದ್ದಾರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ."

"ಮತ್ತೆ ಯಾಕೆ ಬಂದಿರಿ?"

"ಇದು ತರಕಾರಿ ಎಂದು ಸರ್ಟಿಫಿಕೇಟು ಬೇಕಿತ್ತು."

"ನಾವು ತರಕಾರಿಗೆ ಸರ್ಟಿಫಿಕೇಟು ಕೊಡುವುದಿಲ್ಲ," ಎಂದಳು, ತುಂಬಾ ಮೃದುವಾಗಿ. ಮುಚ್ಚಳ ತೆಗೆದು ಮೂಸಿದಳು. "ಆದರೆ ಈಗ ನಾನು ಇದನ್ನು ನೋಡಿಬಿಟ್ಟಿದ್ದೇನೆ. ನೋಡಿದ ಮೇಲೆ ಲ್ಯಾಬಿಗೆ ಕಳಿಸಲೇಬೇಕು. ಎಲ್ಲವನ್ನೂ."

"ಎಷ್ಟು ದಿನ?"

"ವಾರಗಳು."

 ನನ್ನ ಕಣ್ಣ ಮುಂದೆ ಎರಡು ಪುಟ್ಟ ಕಿವಿಗಳು ಬಂದವು.

"ಇಷ್ಟು ಚೆನ್ನಾಗಿ ಒಣಗಿಸುವುದನ್ನು ನಿಮಗೆ ಕಲಿಸಿದ್ದು ಯಾರು?" ಎಂದು ಅವಳು ಪೆನ್ನು ಎತ್ತಿದಳು.

ನನ್ನ ನೆನಪಿನ ಪ್ರಕಾರ ಆಗ ನಾನು ಎದೆಯುಬ್ಬಿಸಿ, ನಿರರ್ಗಳ ಸ್ವೀಡಿಷಿನಲ್ಲಿ, ಗುರುವಿನ ಹೆಸರು ಹೇಳಲಾರೆ ಎಂದೆ. ಆದರೆ ಆಗ ನನಗೆ ಬರುತ್ತಿದ್ದ ಸ್ವೀಡಿಷ್ ಪದಗಳು ಸುಮಾರು ನಲವತ್ತು, ಅದರಲ್ಲಿ ಹೆಚ್ಚಿನವು ರೈಲಿಗೆ ಸಂಬಂಧಿಸಿದವು. ಅವಳು ಬರೆದುಕೊಂಡ ಕಾಗದದಲ್ಲಿ ಇರುವುದೇ ನಿಜವಿರಬೇಕು. ಕಾಗದದಲ್ಲಿ ಇರುವುದು: "ಅತ್ತೆ." ಪಕ್ಕದಲ್ಲಿ ಅತ್ತೆಯ ಪೂರ್ಣ ಹೆಸರು, ಊರು, ಜಿಲ್ಲೆ, ಪಿನ್‌ಕೋಡು!

ಸಂಜೆ ಗಿರಿಜಾ ಬಾಟಲಿಗಳಿಲ್ಲದ ಬಟ್ಟೆಯ ಕಪಾಟಿನ ಮುಂದೆ ನಿಂತಿದ್ದಳು.

"ನನ್ನ ಪುಂಡಿ ಎಲ್ಲಿ?"

"ಪೊಲೀಸರ ಹತ್ತಿರ ಇದೆ. ಭದ್ರವಾಗಿದೆ."

ವಿಷಯ ಪೂರ್ತಿ ಹೇಳಿದೆ. ಅವಳು ಕುರ್ಚಿ ಎಳೆದು ಕೂತಳು.

"ಅವ್ವ ಬಾಣಂತನಕ್ಕ ಬರಾಕ ವೀಸಾಕ್ಕ ಹಾಕ್ಯಾಳ. ನೀವು ಹೋಗಿ ಪೊಲೀಸರಿಗೆ ಅಕೀ ಹೆಸರು ಬರಸಿ ಬಂದೀರಿ? ಗಾಂಜಾ ಒಣಗಸೋದು ಕಲಿಸಿದಾಕಿ ಅಂತ?"

"ಪಿನ್‌ಕೋಡು ಸರಿಯಾಗೇ ಹೇಳಿದೆ," ಎಂದೆ. ಯಾಕೆ ಹಾಗೆ ಹೇಳಿದೆನೋ!

ಅವಳು ಅತ್ತಳು. ತಮಾಷೆಯ ಬರಹದಲ್ಲಿ ಇದನ್ನು ದಾಟಿಹೋಗಬಹುದಿತ್ತು, ಆದರೆ ಅತ್ತಳು. ವೀಸಾಕ್ಕಲ್ಲ, ನನಗೂ ಅಲ್ಲ. "ದಿನಾ ಒಂದು ತುತ್ತು ಪುಂಡಿ ಪಲ್ಯ," ಎಂದಳು, "ಅಷ್ಟ ಕೇಳಿದ್ದೆ." ನನಗೆ ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಹುಳಿ ವಾಸನೆಯ ಸೂಟನ್ನು ನೋಡಿದೆ.

ಆಗ ಆರನೆಯ ಬಾಟಲಿ ನೆನಪಾಯಿತು.

ಇಬ್ಬರೂ ಕೆಳಗಿಳಿದೆವು. ಆರ್ನೆ ಬಾಗಿಲು ತೆರೆದ. ಮುಖದಲ್ಲಿ ಹಿಂದೆಂದೂ ಕಾಣದ ಕಳೆ. ದಿನಾ ಸಂಜೆ ಒಂದು ಹಿಡಿ ಚಹಾದಲ್ಲಿ ಕುದಿಸಿ ಕುಡಿಯುತ್ತಿದ್ದಾನಂತೆ. ಸೊಂಟ ನೋವು ಮಾಯ. ಮಗುವಿನಂಥ ನಿದ್ದೆ. ನಿನ್ನೆ ಬಣ್ಣಬಣ್ಣದ ಕನಸೂ ಬಿತ್ತಂತೆ.

"ಇಂಥ ಮಾಲು ನನ್ನ ಜೀವನದಲ್ಲೇ ನೋಡಿಲ್ಲ," ಎಂದು ನನ್ನ ಕೈ ಕುಲುಕಿದ.

"ಆರ್ನೆ," ಎಂದಳು ಗಿರಿಜಾ, "ಅದು ಸೊಪ್ಪು. ಪಲ್ಯ ಮಾಡುವ ಸೊಪ್ಪು."

ಆರ್ನೆ ನನ್ನ ಕೈ ಬಿಟ್ಟ. ಕಳೆ ನೋಡನೋಡುತ್ತಲೇ ಇಳಿಯಿತು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಒಳಗೆ ಹೋಗಿ ಮುಕ್ಕಾಲು ಖಾಲಿಯಾದ ಬಾಟಲಿ ತಂದು ಅವಳ ಕೈಗಿಟ್ಟು, ನನ್ನನ್ನು ನೋಡದೆ ಬಾಗಿಲು ಹಾಕಿಕೊಂಡ. ಮರುದಿನದಿಂದ ಅವನಿಗೆ ಮತ್ತೆ ನಿದ್ದೆ ಬರಲಿಲ್ಲವೆಂದು ಕೇಳಿದೆ.

ಕಾಲು ಬಾಟಲಿಯಲ್ಲಿ ಒಬ್ಬರಿಗಾಗುವಷ್ಟು ಪಲ್ಯವಾಯಿತು. ನನಗೆ ರೊಟ್ಟಿ ಮತ್ತು ಮೊಸರು. ಕೇಳುವ ಧೈರ್ಯವಿರಲಿಲ್ಲ.

ವೀಸಾ ಸಿಕ್ಕಿತು. ಪರ್ಮಿಟ್ಟೂ ಬಂತು. ಮಗಳು ಹುಟ್ಟಿದಳು, ಕಿವಿ ಸೋರಲಿಲ್ಲ. ಅತ್ತೆ ಬಂದ ವಾರ ಲ್ಯಾಬಿನ ಕಾಗದವೂ ಬಂತು. ಬಾಟಲಿಗಳು ಬರಲಿಲ್ಲ, ಪರೀಕ್ಷೆಯಲ್ಲೇ ಮುಗಿದವಂತೆ. ಮೇಲೆ ನನ್ನ ಹೆಸರು, ಕೆಳಗೆ ಒಂದೇ ಸಾಲು, ಅದರ ಕೆಳಗೆ ಮುದ್ರೆ. ನಾನು ಬಯಸಿದ ಸರ್ಟಿಫಿಕೇಟು! ಗಿರಿಜಾ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದಳು.

"ಏನವಾ ಅದು, ಅಳಿಯಂದಿರ ಹೆಸರಿಲೆ ಸರಕಾರದ ಕಾಗದ?" ಎಂದು ಅತ್ತೆ ಕೂಸಿನ ಕಿವಿಗೆ ಎಣ್ಣೆ ಬಿಡುತ್ತ ಕೇಳಿದರು.

ಗಿರಿಜಾ ಗಂಭೀರವಾಗಿ ಓದಿ ಹೇಳಿದಳು: "ಪೂರಾ ಪರೀಕ್ಷಾ ಮಾಡ್ಯಾರಂತ ಅವ್ವಾ. ಗಮನಿಸೋವಂಥದ್ದು ಏನೂ ಸಿಗಲಿಲ್ಲಂತ."

ಅತ್ತೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಅದನ್ನ ನಾ ಲಗ್ನಕ್ಕಿಂತ ಮೊದಲಽ ನಿಮ್ಮಪ್ಪಗ ಹೇಳಿದ್ದೆ."